ವೇಗ ಇದ್ದದ್ದು ಎಲ್ಲಿ? ಕ್ವಾಂಟಮ್ ಯೋಚನೆ ಮೆಷಿನ್ ಲರ್ನಿಂಗ್‌ಗೆ ಬಂದ ದಾರಿ

2006ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕಂಪನಿ ಒಂದು ದೊಡ್ಡ ಕೋಷ್ಟಕವನ್ನು ಎಲ್ಲರ ಮುಂದಿಟ್ಟಿತು. ಸಾಲುಗಳಲ್ಲಿ 4,80,189 ಗ್ರಾಹಕರು, ಕಾಲಮ್‌ಗಳಲ್ಲಿ 17,770 ಸಿನಿಮಾ. ಯಾರು ಯಾವ ಸಿನಿಮಾಗೆ ಎಷ್ಟು ಸ್ಟಾರ್ ಕೊಟ್ಟರು ಅನ್ನೋದು ಆಯಾ ಮನೆಯಲ್ಲಿ. ಗುಣಿಸಿ ನೋಡಿದರೆ ಸುಮಾರು 853 ಕೋಟಿ ಮನೆ ಆಗುತ್ತದೆ. ಅದರಲ್ಲಿ ತುಂಬಿದ್ದು 10 ಕೋಟಿ ಚಿಲ್ಲರೆ ಮಾತ್ರ. ನೂರರಲ್ಲಿ ತೊಂಬತ್ತೆಂಟಕ್ಕೂ ಜಾಸ್ತಿ ಮನೆ ಖಾಲಿ. ಆ ಖಾಲಿ ಮನೆಗಳಲ್ಲಿ ಏನಿರಬಹುದು ಅಂತ ಕಂಪನಿಯ ಸ್ವಂತ ಪ್ರೋಗ್ರಾಮ್‌ಗಿಂತ ಶೇ. 10ರಷ್ಟು ಚೆನ್ನಾಗಿ ಊಹಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ.

ಬಹುಮಾನ ಕೈಸೇರಿದ್ದು 2009ರ ಸೆಪ್ಟೆಂಬರ್‌ನಲ್ಲಿ. ಗೆದ್ದ ತಂಡ ಹತ್ತಾರು ಉಪಾಯ ಬೆರೆಸಿತ್ತು. ಅದರಲ್ಲಿ ಮುಖ್ಯವಾದದ್ದು ಇಷ್ಟು: ಲಕ್ಷಾಂತರ ಜನ ಇದ್ದರೂ ರುಚಿಗಳು ಲಕ್ಷಾಂತರ ಇರಲ್ಲ. ಒಬ್ಬರಿಗೆ ಹೊಡೆದಾಟ ಇಷ್ಟ, ಇನ್ನೊಬ್ಬರಿಗೆ ಹಾಸ್ಯ, ಮತ್ತೊಬ್ಬರಿಗೆ ಎರಡೂ ಸ್ವಲ್ಪ ಸ್ವಲ್ಪ. ಕೆಲವೇ ಮೂಲ ರುಚಿಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿದರೆ ಬಹುಪಾಲು ಜನರ ಸಾಲು ಬಂದುಬಿಡುತ್ತದೆ. ಗಣಿತದವರು ಇಂಥ ಕೋಷ್ಟಕವನ್ನು ‘ಕಡಿಮೆ ರ‍್ಯಾಂಕ್’ ಇರುವ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಅದೇ 2009ರಲ್ಲಿ ಭೌತಶಾಸ್ತ್ರದ ಒಂದು ಪತ್ರಿಕೆಯಲ್ಲಿ ಇನ್ನೊಂದು ಕೆಲಸ ಪ್ರಕಟವಾಯಿತು. ಬರೆದವರು ಅರಾಮ್ ಹ್ಯಾರೋ, ಅವಿನಾಟನ್ ಹಾಸಿಡಿಮ್, ಸೇಥ್ ಲಾಯ್ಡ್. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ‘ಎಚ್‌ಎಚ್‌ಎಲ್’ ಅಂತ ಕರೆಯುತ್ತಾರೆ. ಶಾಲೆಯಲ್ಲಿ ಎರಡು ಸಮೀಕರಣ ಕೊಟ್ಟು ಎಕ್ಸ್, ವೈ ಬೆಲೆ ಹುಡುಕಿ ಅನ್ನುತ್ತಿದ್ದರಲ್ವಾ? ಅದೇ ಲೆಕ್ಕ, ಆದರೆ ಲಕ್ಷ ಕೋಟಿ ಸಮೀಕರಣಗಳೊಂದಿಗೆ. ಕೆಲವು ಷರತ್ತುಗಳು ಕೂಡಿಬಂದರೆ ಕ್ವಾಂಟಮ್ ಕಂಪ್ಯೂಟರ್ ಇದನ್ನು ಊಹಿಸಲಾಗದ ವೇಗದಲ್ಲಿ ಮಾಡಬಲ್ಲದು ಅಂತ ಅವರು ತೋರಿಸಿದರು.

ಅಷ್ಟು ವೇಗ ಬರುವುದು ಎಲ್ಲಿಂದ? ಕ್ವಾಂಟಮ್ ಕಂಪ್ಯೂಟರ್‌ನ ಮೂಲ ಘಟಕಕ್ಕೆ ಕ್ಯೂಬಿಟ್ ಅನ್ನುತ್ತಾರೆ. ಒಂದು ಕ್ಯೂಬಿಟ್‌ನ ಸ್ಥಿತಿ ಬರೆದಿಡಲು 2 ಸಂಖ್ಯೆ ಬೇಕು. ಎರಡು ಕ್ಯೂಬಿಟ್‌ಗೆ 4, ಮೂರಕ್ಕೆ 8. ಹೀಗೆ ದುಪ್ಪಟ್ಟಾಗುತ್ತಾ 20 ಕ್ಯೂಬಿಟ್‌ಗೆ ಬಂದರೆ 10 ಲಕ್ಷಕ್ಕೂ ಜಾಸ್ತಿ. ಸಾಮಾನ್ಯ ಕಂಪ್ಯೂಟರ್ ಇಂಥ ವ್ಯವಸ್ಥೆಯನ್ನು ಅನುಕರಿಸಲು ಒದ್ದಾಡುತ್ತದೆ, ಹಾಗಾದರೆ ಲೆಕ್ಕ ಮಾಡುವ ಯಂತ್ರವನ್ನೇ ಕ್ವಾಂಟಮ್ ಮಾಡಿದರೆ ಹೇಗೆ ಅಂತ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1981ರಲ್ಲೇ ಕೇಳಿದ್ದರು. 1994ರಲ್ಲಿ ಪೀಟರ್ ಶೋರ್ ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ದಾರಿ ತೋರಿಸಿದ ಮೇಲೆ ಜಗತ್ತು ಈ ಕಡೆ ತಿರುಗಿ ನೋಡಿತು.

ಡೇಟಾ ನೋಡಿ ಕಂಪ್ಯೂಟರ್ ತಾನೇ ಕಲಿಯುವ ಮೆಷಿನ್ ಲರ್ನಿಂಗ್‌ನ ಹೊಟ್ಟೆಯಲ್ಲಿ ಇರುವುದೂ ದೊಡ್ಡ ಕೋಷ್ಟಕಗಳ ಲೆಕ್ಕವೇ. ಹಾಗಾಗಿ ಎಚ್‌ಎಚ್‌ಎಲ್ ಬಂದ ಮೇಲೆ ಎರಡು ಹೊಳೆ ಕೂಡಲು ತಡವಾಗಲಿಲ್ಲ. 2013-14ರ ಹೊತ್ತಿಗೆ ಲಾಯ್ಡ್, ಮಸೂದ್ ಮೊಹ್ಸೇನಿ, ಪ್ಯಾಟ್ರಿಕ್ ರೆಬೆಂಟ್ರಾಸ್ಟ್ ಸೇರಿ ಡೇಟಾದ ಮುಖ್ಯ ದಿಕ್ಕುಗಳನ್ನು ಹುಡುಕುವ ಕ್ವಾಂಟಮ್ ವಿಧಾನ, ಡೇಟಾವನ್ನು ಎರಡು ಗುಂಪಾಗಿ ವಿಂಗಡಿಸುವ ಕ್ವಾಂಟಮ್ ವಿಧಾನ ಅಂತ ಒಂದರ ಹಿಂದೆ ಒಂದು ಕೊಟ್ಟರು. ‘ಕ್ವಾಂಟಮ್ ಮೆಷಿನ್ ಲರ್ನಿಂಗ್’ ಅನ್ನುವ ಹೆಸರು ಗಟ್ಟಿಯಾಗಿ ನಿಂತಿತು.

2015ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಆರನ್ಸನ್ ಒಂದು ಪುಟ್ಟ ಲೇಖನ ಬರೆದು ಷರತ್ತುಗಳ ಕಡೆ ಬೆರಳು ತೋರಿಸಿದರು. ನಮ್ಮ ಹಳೇ ಮನೆಗಳ ಕಣಜ ನೆನಪಿಸಿಕೊಂಡರೆ ಅವರ ಮಾತು ಸುಲಭವಾಗಿ ಹಿಡಿಯುತ್ತದೆ. ಕಣಜದೊಳಗೆ ಎಷ್ಟು ಮೂಟೆ ಬೇಕಾದರೂ ಹಿಡಿಯುತ್ತದೆ. ಆದರೆ ಮೂಟೆಗಳನ್ನು ಒಂದೊಂದಾಗಿ ಹೊತ್ತು ಮೇಲಿನಿಂದ ಸುರಿಯಬೇಕು, ಕೆಳಗಿನ ಕಿಂಡಿಯಿಂದ ಬೊಗಸೆ ಬೊಗಸೆಯಾಗಿ ತೆಗೆಯಬೇಕು. ಕ್ವಾಂಟಮ್ ಕಂಪ್ಯೂಟರ್ ಕೂಡ ಹಾಗೆಯೇ. 10 ಲಕ್ಷ ಸಂಖ್ಯೆಗಳನ್ನು 20 ಕ್ಯೂಬಿಟ್‌ಗಳಲ್ಲಿ ಇಡಬಹುದು, ಸರಿ. ಆದರೆ ಆ ಸಂಖ್ಯೆಗಳನ್ನು ಒಳಗೆ ತುಂಬುವುದಕ್ಕೇ 10 ಲಕ್ಷ ಹೆಜ್ಜೆ ಹಿಡಿದರೆ ಒಳಗಿನ ವೇಗದಿಂದ ಏನು ಬಂತು? ಉತ್ತರ ಓದುವಾಗಲೂ ಅದೇ ತೊಂದರೆ. ಅಳತೆ ಮಾಡಿದ ಕೂಡಲೇ ಆ ಸ್ಥಿತಿ ಮುರಿದುಬೀಳುತ್ತದೆ, 10 ಲಕ್ಷ ಸಂಖ್ಯೆಗಳ ಬದಲು ಒಂದೇ ಒಂದು ಫಲಿತಾಂಶ ಕೈಗೆ ಬರುತ್ತದೆ.

2016ರಲ್ಲಿ ಯೋರ್ಡಾನಿಸ್ ಕೆರೆನಿಡಿಸ್ ಮತ್ತು ಅನುಪಮ್ ಪ್ರಕಾಶ್ ಈ ಎರಡೂ ತೊಡಕಿಗೆ ಒಟ್ಟಿಗೆ ದಾರಿ ಕಂಡುಕೊಂಡರು. ಅವರು ಆರಿಸಿಕೊಂಡದ್ದು ನೆಟ್‌ಫ್ಲಿಕ್ಸ್‌ನಂಥ ಶಿಫಾರಸಿನ ಸಮಸ್ಯೆಯನ್ನೇ. ಗ್ರಾಹಕನಿಗೆ 17,770 ಸಿನಿಮಾಗಳ ಪೂರ್ತಿ ಸಾಲು ಬೇಕಿಲ್ಲ, ಅವನಿಗೆ ಹಿಡಿಸುವ ಒಂದು ಸಿನಿಮಾ ಹೆಸರು ಸಿಕ್ಕರೆ ಸಾಕು. ಅಂದರೆ ಒಂದು ಅಳತೆಯ ಒಂದೇ ಫಲಿತಾಂಶ ಸಾಕು. ಇದು ನಿಜಕ್ಕೂ ಜಾಣ ಯೋಚನೆ. ತುಂಬುವ ಕೆಲಸಕ್ಕೆ ಅವರು ಡೇಟಾವನ್ನು ಒಂದು ವಿಶೇಷ ಮರದ ಆಕಾರದಲ್ಲಿ ಮೊದಲೇ ಜೋಡಿಸಿಡಬೇಕು ಅಂದರು. ಆಗ ಗೊತ್ತಿದ್ದ ಯಾವ ಸಾಮಾನ್ಯ ವಿಧಾನಕ್ಕೂ ಇವರ ವೇಗದ ಹತ್ತಿರ ಬರಲು ಆಗುತ್ತಿರಲಿಲ್ಲ. ನಿಜವಾದ ಕೆಲಸಕ್ಕೆ ಕ್ವಾಂಟಮ್ ಕೊಡುವ ಭಾರಿ ವೇಗಕ್ಕೆ ಇದೇ ಒಳ್ಳೆಯ ಉದಾಹರಣೆ ಅಂತ ಅನೇಕರು ನಂಬಿದರು.

ನಂಬಿಕೆ ಬೇರೆ, ಪುರಾವೆ ಬೇರೆ. ಸಾಮಾನ್ಯ ಕಂಪ್ಯೂಟರ್‌ಗೆ ಇದು ಸಾಧ್ಯವೇ ಇಲ್ಲ ಅಂತ ಯಾರೂ ಗಣಿತದಿಂದ ತೋರಿಸಿರಲಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಲ್ಲಿ ಆರನ್ಸನ್ ಪಾಠ ಮಾಡುತ್ತಿದ್ದರು. ಸಾಮಾನ್ಯ ಕಂಪ್ಯೂಟರ್‌ಗೆ ಇದು ಆಗದು ಅಂತ ಸಾಬೀತು ಮಾಡು ಅಂತ 2017ರಲ್ಲಿ ತಮ್ಮ ಪದವಿ ವಿದ್ಯಾರ್ಥಿ ಯೂವಿನ್ ಟಾಂಗ್‌ಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಟಾಂಗ್‌ಗೆ ಆ ಪುರಾವೆ ಸಿಗಲಿಲ್ಲ. ಸಾಮಾನ್ಯ ಕಂಪ್ಯೂಟರ್‌ಗೇ ಅದನ್ನು ಮಾಡಲು ಬರಬಹುದೇನೋ ಅನ್ನುವ ಅನುಮಾನ ನಿಧಾನವಾಗಿ ಶುರುವಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಟಾಂಗ್ ಕಂಡದ್ದು ಏನು ಅಂತ ಒಂದು ಹಾಳೆ, ಒಂದು ಪೆನ್ನು ಇದ್ದರೆ ನಾವೂ ನೋಡಬಹುದು. ನಾನು ಹಾಗೇ ಅರ್ಥ ಮಾಡಿಕೊಂಡದ್ದು.

ಹಾಳೆಯ ಕೆಳಗೆ 1, 2, 2, 4 ಅಂತ ನಾಲ್ಕು ಸಂಖ್ಯೆ ಬರೆಯಿರಿ. ಇವುಗಳನ್ನು ಕ್ವಾಂಟಮ್ ಸ್ಥಿತಿಯಾಗಿ ತುಂಬಿ ಅಳತೆ ಮಾಡಿದರೆ ಯಾವುದು ಎಷ್ಟು ಸಲ ಬರುತ್ತದೆ? ಮ್ಯಾಕ್ಸ್ ಬಾರ್ನ್ 1926ರಲ್ಲಿ ಕೊಟ್ಟ ನಿಯಮದ ಪ್ರಕಾರ ಸಂಖ್ಯೆಯ ವರ್ಗ ಎಷ್ಟೋ ಅದು ಬರುವ ಸಾಧ್ಯತೆ ಅಷ್ಟು. ವರ್ಗಗಳು 1, 4, 4, 16. ಒಟ್ಟು 25. ಹಾಗಾಗಿ ಕೊನೆಯ ಸಂಖ್ಯೆ 25ರಲ್ಲಿ 16 ಪಾಲು, ಅಂದರೆ ಶೇ. 64ರಷ್ಟು ಸಲ ಬರುತ್ತದೆ. ಈಗ ಮರ ಕಟ್ಟೋಣ. ಎಡಗಡೆಯ ಎರಡು ವರ್ಗ ಕೂಡಿದರೆ 5. ಬಲಗಡೆಯವು ಕೂಡಿದರೆ 20. ಅವೆರಡರ ಮೇಲೆ 25. ತುದಿಯಿಂದ ಇಳಿಯುತ್ತಾ ಬನ್ನಿ. ಬಲಕ್ಕೆ ಹೋಗುವ ಸಾಧ್ಯತೆ 25ರಲ್ಲಿ 20. ಅಲ್ಲಿಂದ ಕೊನೆಯ ಎಲೆಗೆ 20ರಲ್ಲಿ 16. ಎರಡನ್ನೂ ಗುಣಿಸಿದರೆ ಮತ್ತೆ ಅದೇ ಶೇ. 64.

ಕ್ವಾಂಟಮ್ ಅಳತೆಯಲ್ಲಿ ಬರುವ ಲೆಕ್ಕವೇ ಎರಡು ಹೆಜ್ಜೆಯಲ್ಲಿ, ಬರೀ ಚೀಟಿ ಎತ್ತಿದ ಹಾಗೆ ಬಂತು! ಕ್ಯೂಬಿಟ್ ಬೇಕೇ ಆಗಲಿಲ್ಲ. ಕೆರೆನಿಡಿಸ್-ಪ್ರಕಾಶ್ ಹೇಳಿದ ಮರ ಇದೇ. ಸಾಲಿಗೊಂದು ಮರ, ಸಾಲುಗಳ ಮೊತ್ತಕ್ಕೆ ಇನ್ನೊಂದು. ನೆಟ್‌ಫ್ಲಿಕ್ಸ್ ಕೋಷ್ಟಕಕ್ಕೆ ಇದನ್ನು ಕಟ್ಟಿದರೆ ಸಾಲು ಆರಿಸಲು 19 ಹೆಜ್ಜೆ, ಸಿನಿಮಾ ಆರಿಸಲು 15 ಹೆಜ್ಜೆ. 853 ಕೋಟಿ ಮನೆಗಳ ಕೋಷ್ಟಕದಲ್ಲಿ ಒಟ್ಟು 34 ಹೆಜ್ಜೆ! ಡೇಟಾವನ್ನು ಕ್ವಾಂಟಮ್ ಯಂತ್ರಕ್ಕೆ ಬೇಗ ತುಂಬಲು ಯಾವ ಜೋಡಣೆ ಬೇಕೋ, ಅದೇ ಜೋಡಣೆ ಸಾಮಾನ್ಯ ಕಂಪ್ಯೂಟರ್‌ಗೂ ದೊಡ್ಡ ಶಕ್ತಿ ಕೊಡುತ್ತದೆ ಅನ್ನುವುದು ಟಾಂಗ್‌ಗೆ ಹೊಳೆಯಿತು.

ಹೀಗೆ ಎತ್ತಿದ ಕೆಲವು ಸಾಲುಗಳಿಂದ ಇಡೀ ಕೋಷ್ಟಕದ ಸ್ವಭಾವ ಗೊತ್ತಾಗುತ್ತದಾ? ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಕಡಿಮೆ ರ‍್ಯಾಂಕ್ ಕೋಷ್ಟಕದ ವಿಷಯದಲ್ಲಿ ಈ ಮಾತು ಸುಮಾರಾಗಿ ನಿಜ. ಆದರೆ ಅಗುಳನ್ನು ವರ್ಗದ ತೂಕ ನೋಡಿಯೇ ಆರಿಸಬೇಕು. ಇದನ್ನು 1998ರಲ್ಲೇ ಸಾಧಿಸಿ ತೋರಿಸಿದವರು ಅಲನ್ ಫ್ರೀಜ್, ರವಿ ಕಣ್ಣನ್ ಮತ್ತು ಸಂತೋಷ್ ವೆಂಪಾಲ. ರವಿ ಕಣ್ಣನ್ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪಾಠ ಮಾಡಿದರು. ಅವರ 1998ರ ಕೆಲಸದಲ್ಲಿ ಕ್ವಾಂಟಮ್‌ನ ಸುಳಿವೂ ಇಲ್ಲ. ಆದರೂ ಅವರು ಆರಿಸಿಕೊಂಡ ತೂಕ ಬಾರ್ನ್ ನಿಯಮದ ತೂಕವೇ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

2018ರ ಜೂನ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ತಜ್ಞರೆಲ್ಲ ಸೇರಿದ್ದರು. ಕೆರೆನಿಡಿಸ್, ಪ್ರಕಾಶ್ ಕೂಡ ಅಲ್ಲಿದ್ದರು. 18 ವರ್ಷದ ಟಾಂಗ್ ಅವರೆದುರೇ ನಿಂತು, ಸಾಮಾನ್ಯ ಕಂಪ್ಯೂಟರ್‌ನಲ್ಲೇ ಓಡುವ ತನ್ನ ಅಲ್ಗಾರಿದಮ್ (ಲೆಕ್ಕ ಮಾಡುವ ಕ್ರಮ) ವಿವರಿಸಬೇಕಾಯಿತು. ಎರಡು ದಿನ, ಒಟ್ಟು ನಾಲ್ಕು ಗಂಟೆ ಪ್ರಶ್ನೆಗಳ ಸುರಿಮಳೆ. ಕೊನೆಗೆ ಲೆಕ್ಕ ಸರಿಯಿದೆ ಅಂತ ಸಭೆ ಒಪ್ಪಿತು. ಜುಲೈನಲ್ಲಿ ಪ್ರಬಂಧ ಹೊರಬಂತು.

ಮುಂದಿನದ್ದು ಬೇಗ ಬೇಗ ನಡೆಯಿತು. ಮುಖ್ಯ ದಿಕ್ಕು ಹುಡುಕುವ ಕ್ವಾಂಟಮ್ ವಿಧಾನಕ್ಕೂ ಅದೇ ವರ್ಷ ಟಾಂಗ್ ಸಾಮಾನ್ಯ ಕಂಪ್ಯೂಟರ್‌ನಲ್ಲಿ ಓಡುವ ಜೋಡಿ ಕೊಟ್ಟರು. ಕಡಿಮೆ ರ‍್ಯಾಂಕ್ ಸಮೀಕರಣಗಳಿಗೂ ಅಂಥದ್ದೇ ವಿಧಾನ ಬಂತು. ಅದನ್ನು ಬರೆದವರಲ್ಲಿ ಎಚ್‌ಎಚ್‌ಎಲ್‌ನ ಸೇಥ್ ಲಾಯ್ಡ್ ಕೂಡ ಒಬ್ಬರು! ತಾವು ಕಟ್ಟಿದ್ದನ್ನು ತಾವೇ ತಟ್ಟಿ ನೋಡುವ ಇಂಥ ಮನಸ್ಸು ನನಗೆ ತುಂಬಾ ಇಷ್ಟ.

ಹಾಗಂತ ಟಾಂಗ್ ವಿಧಾನ ಅಂಗಡಿಗೆ ಬಂದು ಕೂರಲಿಲ್ಲ. 2019ರಲ್ಲಿ ಕ್ವಾಂಟಮ್ ಕಂಪ್ಯೂಟರ್ ಕಟ್ಟುವ ಕೆನಡಾದ ಝನಡು ಕಂಪನಿಯವರು ಇಂಥ ಅಲ್ಗಾರಿದಮ್‌ಗಳನ್ನು ಬರೆದು ಓಡಿಸಿ ನೋಡಿದರು. ಕೋಷ್ಟಕ ಅತಿ ದೊಡ್ಡದಾಗಿದ್ದು ರ‍್ಯಾಂಕ್ ಬಹಳ ಕಡಿಮೆ ಇದ್ದರೆ ಮಾತ್ರ ಲಾಭ, ಉಳಿದ ಕಡೆ ಹಳೇ ವಿಧಾನಗಳೇ ಮೇಲು ಅಂತ ಗೊತ್ತಾಯಿತು. ಇನ್ನು ಎಚ್‌ಎಚ್‌ಎಲ್ ಪೂರ್ತಿ ಬಿದ್ದುಹೋಯಿತು ಅನ್ನುವುದೂ ತಪ್ಪು. ರ‍್ಯಾಂಕ್ ಜಾಸ್ತಿ ಇದ್ದು, ಬಹುಪಾಲು ಮನೆಗಳಲ್ಲಿ ಸೊನ್ನೆಯೇ ಇರುವ ಕೋಷ್ಟಕಗಳಲ್ಲಿ ಅದರ ವೇಗ ಇವತ್ತಿಗೂ ಹಾಗೇ ನಿಂತಿದೆ.

ಕ್ವಾಂಟಮ್ ಯೋಚನೆ ಮೆಷಿನ್ ಲರ್ನಿಂಗ್‌ಗೆ ಬಂದ ಇನ್ನೊಂದು ದಾರಿಗೆ ಇಷ್ಟು ಸದ್ದು ಆಗಲಿಲ್ಲ. 1992ರಲ್ಲಿ ಸ್ಟೀವನ್ ವೈಟ್ ಸಾಲಾಗಿ ನಿಂತ ಕ್ವಾಂಟಮ್ ಕಣಗಳ ಲೆಕ್ಕವನ್ನು ಸಾಮಾನ್ಯ ಕಂಪ್ಯೂಟರ್‌ನಲ್ಲೇ ಮಾಡಲು ಒಂದು ಉಪಾಯ ಕೊಟ್ಟಿದ್ದರು. ದೊಡ್ಡ ಕೋಷ್ಟಕವನ್ನು ಪುಟ್ಟ ಕೋಷ್ಟಕಗಳ ಸರಪಳಿಯಾಗಿ ಮುರಿಯುವುದು ಅದರ ತಿರುಳು. 2016ರಲ್ಲಿ ಮೈಲ್ಸ್ ಸ್ಟೌಡೆನ್‌ಮೈರ್ ಮತ್ತು ಡೇವಿಡ್ ಶ್ವಾಬ್ ಅದೇ ಸರಪಳಿಗೆ ಕೈಬರಹದ ಅಂಕಿ ಗುರುತಿಸಲು ಕಲಿಸಿದರು. ನೂರಕ್ಕೆ ಒಂದಕ್ಕಿಂತ ಕಡಿಮೆ ತಪ್ಪು. ಇಲ್ಲೂ ಕ್ಯೂಬಿಟ್ ಇಲ್ಲ, ಕ್ವಾಂಟಮ್ ಜನ ಲೆಕ್ಕ ಮಾಡುವ ಕ್ರಮ ಮಾತ್ರ ಇದೆ.

ನಿಜವಾದ ಕ್ಯೂಬಿಟ್‌ಗಳಿಗೇ ಕಲಿಸಲು ಹೊರಟವರಿಗೆ ಬೇರೆ ತೊಡಕು ಎದುರಾಯಿತು. ಕತ್ತಲಲ್ಲಿ ಬೆಟ್ಟ ಇಳಿಯುವವರು ಕಾಲಿಗೆ ಇಳಿಜಾರು ಸಿಕ್ಕ ಕಡೆ ಹೆಜ್ಜೆ ಇಡುತ್ತಾರೆ. ಯಂತ್ರ ಕಲಿಯುವುದೂ ಹಾಗೆಯೇ. ಕ್ವಾಂಟಮ್ ಸರ್ಕಿಟ್‌ನಲ್ಲಿ ಕ್ಯೂಬಿಟ್ ಹೆಚ್ಚಾದಂತೆ ಬಹುತೇಕ ಎಲ್ಲ ಕಡೆಯೂ ನೆಲ ಚಪ್ಪಟೆಯಾಗಿಬಿಡುತ್ತದೆ, ಇಳಿಜಾರೇ ಸಿಗುವುದಿಲ್ಲ ಅಂತ 2018ರಲ್ಲಿ ಗೂಗಲ್‌ನ ಜ್ಯಾರಡ್ ಮೆಕ್ಲೀನ್ ಮತ್ತು ಜೊತೆಗಾರರು ತೋರಿಸಿದರು. 2024ರಲ್ಲಿ ಝನಡುವಿನವರೇ 12 ಜನಪ್ರಿಯ ಕ್ವಾಂಟಮ್ ಮಾದರಿಗಳನ್ನು 160 ಡೇಟಾ ಗುಂಪುಗಳ ಮೇಲೆ ಪರೀಕ್ಷಿಸಿದರು. ಒಟ್ಟಾರೆ ಗೆದ್ದದ್ದು ಸಾಮಾನ್ಯ ಮಾದರಿಗಳು. ಕ್ಯೂಬಿಟ್‌ಗಳನ್ನು ಒಂದಕ್ಕೊಂದು ಬೆಸೆಯುವ ಕ್ವಾಂಟಮ್ ಹೆಣಿಗೆಯನ್ನು (ಎಂಟ್ಯಾಂಗಲ್‌ಮೆಂಟ್) ಕಿತ್ತುಹಾಕಿದರೂ ಎಷ್ಟೋ ಸಲ ಫಲಿತಾಂಶ ಕೆಡಲಿಲ್ಲ. ತಮ್ಮದೇ ಕ್ಷೇತ್ರದ ಬಗ್ಗೆ ಇದನ್ನು ಬಚ್ಚಿಡದೆ ಪ್ರಕಟಿಸಿದ್ದಕ್ಕೆ ಅವರಿಗೆ ನಮಸ್ಕಾರ ಹೇಳಬೇಕು.

ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಾಗಾಗಿ ‘ಕ್ವಾಂಟಮ್ ಬಂದ್ರೆ ಎಐ ಸಾವಿರ ಪಟ್ಟು ವೇಗ ಆಗುತ್ತಂತೆ, ಹೌದಾ?’ ಅನ್ನುವ ಪ್ರಶ್ನೆ ಈಗ ನಮ್ಮೂರಲ್ಲೂ ಜಾಸ್ತಿ ಕೇಳಿಬರುತ್ತದೆ. ನನ್ನನ್ನು ಯಾರಾದರೂ ಹಾಗೆ ಕೇಳಿದರೆ ಮೊದಲು ನಾನು ಕೇಳುವುದು, ಡೇಟಾ ಎಲ್ಲಿಂದ ಬರುತ್ತಿದೆ ಅಂತ. ಸಿನಿಮಾ ಸ್ಟಾರ್, ಬ್ಯಾಂಕ್ ಲೆಕ್ಕ, ಫೋಟೋ ಇವೆಲ್ಲ ಮೊದಲೇ ಸಾಮಾನ್ಯ ಸಂಖ್ಯೆಗಳಾಗಿ ಕೂತಿವೆ. ಅವುಗಳನ್ನು ಕಣಜಕ್ಕೆ ತುಂಬುವ ಕೂಲಿ ತಪ್ಪಿದ್ದಲ್ಲ.

ಡೇಟಾ ತಾನೇ ಕ್ವಾಂಟಮ್ ಆಗಿದ್ದರೆ ಲೆಕ್ಕ ಬದಲಾಗುತ್ತದೆ. 2022ರಲ್ಲಿ ಸಿನ್-ಯುವಾನ್ ಹುವಾಂಗ್ ಮತ್ತು ಜೊತೆಗಾರರು ಗೂಗಲ್‌ನ ಸಿಕಮೋರ್ ಕ್ವಾಂಟಮ್ ಚಿಪ್‌ನ 40 ಕ್ಯೂಬಿಟ್‌ಗಳವರೆಗೆ ಬಳಸಿ ಇದನ್ನು ಮಾಡಿ ತೋರಿಸಿದರು. ಒಂದು ಕ್ವಾಂಟಮ್ ಸ್ಥಿತಿಯ ಪ್ರತಿಗಳನ್ನು ಒಂದೊಂದಾಗಿ ಅಳೆದು ಬರೆದಿಟ್ಟುಕೊಂಡು ಕಲಿಯುವುದು ಒಂದು ಬಗೆ. ಅದೇ ಸ್ಥಿತಿಯ ಎರಡು ಪ್ರತಿಗಳನ್ನು ಮುರಿಯದಂತೆ ಹಿಡಿದಿಟ್ಟು ಒಟ್ಟಿಗೆ ಅಳೆಯುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ತೀರಾ ಕಡಿಮೆ ಪ್ರಯೋಗಗಳಲ್ಲಿ ಕೆಲಸ ಮುಗಿಯಿತು. ಕೆಲವು ಕೆಲಸಗಳಿಗೆ ಮೊದಲನೆಯ ಬಗೆಯಲ್ಲಿ ಬೇಕಾಗುವ ಪ್ರಯೋಗಗಳು ಕ್ಯೂಬಿಟ್ ಹೆಚ್ಚಿದಂತೆ ದುಪ್ಪಟ್ಟು ದುಪ್ಪಟ್ಟಾಗಿ ಏರುತ್ತವೆ ಅನ್ನುವುದು ಗಣಿತದಿಂದಲೇ ಸಾಬೀತಾಗಿದೆ. ಇನ್ನೊಬ್ಬ ಟಾಂಗ್ ಬಂದು ಅದನ್ನು ದಾಟಲು ಆಗದು. ಹೀಗೆ ಅಳೆದು ಬಂದ ಅಂಕಿಗಳನ್ನು ಕೊನೆಗೆ ಕೂತು ಕಲಿತದ್ದು ಸಾಮಾನ್ಯ ಕಂಪ್ಯೂಟರ್‌ನಲ್ಲಿ ಓಡುವ ಒಂದು ನ್ಯೂರಲ್ ನೆಟ್‌ವರ್ಕ್ ಅನ್ನುವ ಮೆಷಿನ್ ಲರ್ನಿಂಗ್ ಮಾದರಿ.