ಕವಚದ ಗಾಡಿ ಎಷ್ಟು ತಡೆಯುತ್ತದೆ, ಎಲ್ಲಿ ಸೋಲುತ್ತದೆ

ಧಾರವಾಡ, ಗದಗ, ಹಾವೇರಿ ಕಡೆ ಸೈನ್ಯಕ್ಕೋ ಸಿಆರ್‌ಪಿಎಫ್‌ಗೋ ಹುಡುಗರನ್ನು ಕಳಿಸದ ಊರು ಸಿಗುವುದು ಅಪರೂಪ. ಮಗ ಗಸ್ತಿನ ಗಾಡಿ ಓಡಿಸುತ್ತಾನೆ ಎಂದರೆ ಮನೆಯವರು ಕೇಳುವುದು ಒಂದೇ: "ಗುಂಡು ಹೊಡೆದ್ರ ಒಳಗ ಬರೂದಿಲ್ಲ, ಹೌದಿಲ್ಲೋ?" ಯಾವ ಗುಂಡು, ಎಷ್ಟು ದೂರದಿಂದ, ಗಾಡಿಯ ಯಾವ ಭಾಗಕ್ಕೆ ಎಂಬುದನ್ನು ನೋಡಿಯೇ ಇದಕ್ಕೆ ಉತ್ತರ ಹೇಳಬೇಕು.

ಇದನ್ನು ಅಳೆಯಲು ಹೆಚ್ಚಾಗಿ ಬಳಸುವುದು ನ್ಯಾಟೋದ ಸ್ಟ್ಯಾನಾಗ್ 4569 ಮಾನದಂಡ. ಅದರ 2ನೇ ಹಂತ ಎಂದರೆ ಎಕೆ ರೈಫಲ್‌ನ 7.62×39 ಮಿ.ಮೀ. ಅಳತೆಯ, ಕವಚ ಸೀಳಿ ಬೆಂಕಿ ಹೊತ್ತಿಸುವ ಗುಂಡನ್ನು 30 ಮೀಟರ್‌ನಿಂದ ಹಾರಿಸಿದರೂ ತಡೆಯಬೇಕು. ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಗುಂಡಿಗೆ ಒಂದು ಹಂತ, ನೆಲಬಾಂಬಿಗೆ ಬೇರೆಯೇ ಹಂತ. ಗೋಡೆ 2ನೇ ಹಂತದ್ದಾಗಿದ್ದು ತಳ 1ನೇ ಹಂತದ್ದೇ ಇರಬಹುದು. ನೆಲಬಾಂಬಿನ 1ನೇ ಹಂತದ ತಳ ಗ್ರೆನೇಡ್ ಮಟ್ಟದ ಸಣ್ಣ ಸ್ಫೋಟಕ್ಕಷ್ಟೇ ಸಾಕು. 2ನೇ ಹಂತಕ್ಕೆ 6 ಕೆ.ಜಿ. ಸ್ಫೋಟಕವನ್ನು ತಾಳಬೇಕು. ಕಾಗದದಲ್ಲಿ ಎರಡೂ ಅಂಕಿಗಳನ್ನು ನೋಡದೆ ಗಾಡಿಯ ಬಗ್ಗೆ ಮಾತಾಡಬಾರದು.

ಈಗ ತೂಕ. ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. ಎಕೆಯ ಸಾಮಾನ್ಯ ಗುಂಡನ್ನು ತಡೆಯಲು ಸುಮಾರು 6.5 ಮಿ.ಮೀ. ದಪ್ಪದ ಗಟ್ಟಿ ಉಕ್ಕು ಬೇಕು ಎಂದಿಟ್ಟುಕೊಳ್ಳಿ. ಚದರ ಮೀಟರ್‌ಗೆ 51 ಕೆ.ಜಿ. ಆಯಿತು. ಸಣ್ಣ ಗಾಡಿಯ ಸುತ್ತಲೂ 12 ಚದರ ಮೀಟರ್ ಮುಚ್ಚಿದರೆ 612 ಕೆ.ಜಿ. ಗಾಜು, ಚೌಕಟ್ಟು, ತಳ ಇನ್ನೂ ಸೇರಿಲ್ಲ. ಸೈನ್ಯದ ಹಳೆಯ ಮಾರುತಿ ಜಿಪ್ಸಿ ಹೊರುತ್ತಿದ್ದ ಭಾರವೇ 500 ಕೆ.ಜಿ. ಅಂದರೆ ತಗಡೊಂದೇ ಅದರ ಶಕ್ತಿಯನ್ನು ತಿಂದುಹಾಕುತ್ತದೆ, ಜವಾನರು ಹತ್ತುವ ಮೊದಲೇ. ಹೀಗಾಗಿಯೇ ಕವಚದ ತೂಕವನ್ನು ಮೊದಲೇ ಲೆಕ್ಕ ಹಿಡಿದು ಕಟ್ಟಿದ ಗಾಡಿಗಳು ಬಂದವು. 2021ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಮಹೀಂದ್ರಾದಿಂದ 1,300 ಹಗುರ ಕವಚ ವಾಹನಗಳಿಗೆ 1,056 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು.

ಹಗುರ ಗಾಡಿಯ ನಿಜವಾದ ಬಲ ಅದರ ಓಟ. ಓಣಿಯಲ್ಲಿ ತಿರುಗುತ್ತದೆ, ಸಣ್ಣ ಸೇತುವೆ ದಾಟುತ್ತದೆ, ರೈಫಲ್ ಗುಂಡು, ಶೆಲ್ ಚೂರುಗಳ ನಡುವಿನಿಂದ ಒಳಗಿನವರನ್ನು ಆಚೆ ಒಯ್ಯುತ್ತದೆ. ನಿಂತು ಕಾದಾಡಲು ಅದನ್ನು ಕಟ್ಟಿಲ್ಲ. ರಾಕೆಟ್ ಗ್ರೆನೇಡಿಗೂ 12.7 ಮಿ.ಮೀ. ಮಷಿನ್ ಗನ್ನಿಗೂ ಈ ತಗಡು ಯಾವ ಲೆಕ್ಕವೂ ಅಲ್ಲ.

ತೂಕದ ಏಟು ಮೊದಲು ಬೀಳುವುದು ಬಾಗಿಲಿಗೆ. ಉಕ್ಕು 46 ಕೆ.ಜಿ., ಗಾಜು 24 ಕೆ.ಜಿ., ಮೇಲೆ ಚೌಕಟ್ಟು, ಬೀಗ: ಒಂದು ಬಾಗಿಲು 90 ಕೆ.ಜಿ. ಸಮೀಪ ಹೋಗುತ್ತದೆ. ಬಿಜಾಗರಿ ಸವೆದರೆ ಬಾಗಿಲು ಎರಡು ಮೂರು ಮಿ.ಮೀ. ಜೋತುಬೀಳುತ್ತದೆ, ಬೀಗ ಕೂಡುವುದಿಲ್ಲ, ಸಂದಿಯ ಹಿಂದಿರುವ ಪಟ್ಟಿ ಸರಿಯಾಗಿ ಮುಚ್ಚುವುದಿಲ್ಲ. ಗುಂಡಿಗೆ ಆ ಸಂದಿಯೇ ಸಾಕು. ಗಾಡಿ ಪಕ್ಕಕ್ಕೆ ವಾಲಿ ನಿಂತಾಗ ಈ ಬಾಗಿಲನ್ನು ಮೇಲಕ್ಕೆ ತಳ್ಳಿ ತೆರೆಯುವುದು ಗಾಯಗೊಂಡವನ ಕೈಲಿ ಆಗುವ ಕೆಲಸವಲ್ಲ.

ಆಮೇಲೆ ಬ್ರೇಕು. 2.5 ಟನ್ನಿನ ಗಾಡಿಯನ್ನು ಕವಚ ಹಾಕಿ 4 ಟನ್ ಮಾಡಿದರೆ ಅದೇ ವೇಗದಿಂದ ನಿಲ್ಲಿಸಲು ಬ್ರೇಕು 60% ಹೆಚ್ಚು ಶಾಖ ನುಂಗಬೇಕು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಾಟಿನಲ್ಲಿ ತುಂಬಿದ ಲಾರಿಗಳ ಲೈನರ್ ಸುಟ್ಟ ವಾಸನೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕಮಾನು ಪಟ್ಟಿ, ಶಾಕ್ ಅಬ್ಸಾರ್ಬರ್, ಹಬ್ ಬೇರಿಂಗ್‌ಗಳ ಆಯುಸ್ಸನ್ನೂ ಮೂಲ ಗಾಡಿಯ ಪುಸ್ತಕ ನೋಡಿ ಎಣಿಸಬಾರದು.

ಎರಿ ಮಣ್ಣಿನ ಕಥೆಯೇ ಬೇರೆ. ನವಲಗುಂದ, ರೋಣದ ಹೊಲ ಮಳೆ ಕುಡಿದ ಮೇಲೆ ಟ್ರ್ಯಾಕ್ಟರನ್ನೇ ಬಿಡುವುದಿಲ್ಲ. 6 ಟನ್ನಿನ ಗಾಡಿಯಲ್ಲಿ ಒಂದು ಟೈರಿನ ಮೇಲೆ 1,500 ಕೆ.ಜಿ. ಬೀಳುತ್ತದೆ. ಗಾಳಿ 45 ಪಿಎಸ್‌ಐ ಇದ್ದಾಗ ಟೈರು ನೆಲವನ್ನು ಹಿಡಿಯುವ ಜಾಗ ಸುಮಾರು 470 ಚದರ ಸೆಂ.ಮೀ.; 25ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 850. ರಾಡಿಗೆ ಇಳಿಯುವ ಮೊದಲೇ ಗಾಳಿ ಇಳಿಸಬೇಕು, ಹುಗಿದ ಮೇಲಲ್ಲ. ನಿಧಾನವಾಗಿ ಓಡಿಸಿ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಮರೆತರೆ ಟೈರಿನ ಪಕ್ಕೆ ಕಾದು ಒಡೆಯುತ್ತದೆ.

ನೆಲಬಾಂಬಿನ ಪಾಠವನ್ನು ಅಮೆರಿಕದವರು ಇರಾಕಿನಲ್ಲಿ ದುಬಾರಿ ಬೆಲೆಗೆ ಕಲಿತರು. ಅವರ ಹಮ್ವೀ ಎಂಬ ಸೈನಿಕ ಜೀಪಿನ ತಳ ಚಪ್ಪಟೆ, ನೆಲಕ್ಕೆ ಹತ್ತಿರ. ಸ್ಫೋಟದ ಒತ್ತಡಕ್ಕೆ ಪಕ್ಕಕ್ಕೆ ಹರಿಯಲು ದಾರಿಯೇ ಇಲ್ಲ. ಪಕ್ಕಕ್ಕೆ ಎಷ್ಟು ತಗಡು ಸೇರಿಸಿದರೂ ಅದು ಸರಿಹೋಗಲಿಲ್ಲ. 2007ರಿಂದ 'ವಿ' ಆಕಾರದ ತಳದ ಎತ್ತರದ ಗಾಡಿಗಳನ್ನು ಭರದಿಂದ ಕಳಿಸಿದರು. ಜೀವ ಉಳಿದವು, ಆದರೆ ಆ ಭಾರೀ ಗಾಡಿಗಳು ಅಫ್ಘಾನಿಸ್ತಾನದ ಕಿರುದಾರಿಗಳಲ್ಲಿ ಮಗುಚತೊಡಗಿದವು. ಎತ್ತರ ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. 'ವಿ' ತಳವೂ ಅಭಯಹಸ್ತವಲ್ಲ: ಛತ್ತೀಸಗಡದಲ್ಲಿ 2005ರಲ್ಲೇ ನೆಲಬಾಂಬ್ ನಿರೋಧಕ ವಾಹನವನ್ನೇ ಸ್ಫೋಟಿಸಿದ ಘಟನೆ ನಡೆದಿದೆ. ಗಾಡಿ ಇದೆ ಎಂದು ಗಸ್ತಿಗೆ ಮೊದಲು ರಸ್ತೆ ಪರೀಕ್ಷಿಸುವುದನ್ನು ಬಿಡುವಂತಿಲ್ಲ.

ಇನ್ನು ರಿಪೇರಿ. ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ತಗಡಿನ ಕೆಲಸ ಕಲಿತು ಪಡೆ ಸೇರಿದ ಹುಡುಗರಿಗೆ ಈ ಮಾತು ಒತ್ತಿ ಹೇಳಬೇಕು: ಕವಚದ ಉಕ್ಕಿನ ಮೇಲೆ ಗ್ಯಾಸ್ ಕಟರ್ ಹಿಡಿಯಬೇಡಿ, ರೇಡಿಯೊ ಸ್ಟ್ಯಾಂಡಿಗೆಂದು ಬ್ರಾಕೆಟ್ ವೆಲ್ಡ್ ಮಾಡಬೇಡಿ. ಆ ಉಕ್ಕಿನ ಗಟ್ಟಿತನ, ಸುಮಾರು 500 ಬ್ರಿನೆಲ್ (ಲೋಹದ ಗಟ್ಟಿತನದ ಅಳತೆ), ಕಾಯಿಸಿ ತಟ್ಟನೆ ತಣಿಸಿದ್ದರಿಂದ ಬಂದದ್ದು. 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಇಳಿಯತೊಡಗುತ್ತದೆ. ಬಣ್ಣ ಹೊಡೆದರೆ ಕಣ್ಣಿಗೆ ಏನೂ ಕಾಣದು, ವೆಲ್ಡಿನ ಆಚೀಚೆಯ ಪಟ್ಟಿ ಮಾತ್ರ ಮೆತ್ತಗಾಗಿರುತ್ತದೆ. ತೇವ ಹಿಡಿದ ರಾಡ್ ಬಳಸಿದರೆ ಹೈಡ್ರೋಜನ್ ಒಳಸೇರಿ ಒಂದೆರಡು ದಿನಗಳ ಮೇಲೆ ಕೂದಲೆಳೆಯ ಬಿರುಕು ಬಿಡುವುದೂ ಉಂಟು. ಏನಾದರೂ ಕೂರಿಸಲೇಬೇಕಾದರೆ ಈಗಾಗಲೇ ಇರುವ ಬೋಲ್ಟ್ ತೂತುಗಳನ್ನೇ ಬಳಸಿ.

ಗಾಜಿನದೂ ಇದೇ ಎಚ್ಚರ. ಅದರ ಒಳಮೈ ಪಾಲಿಕಾರ್ಬೊನೇಟ್ ಪದರ. ಗುಂಡು ಬಡಿದಾಗ ಗಾಜಿನ ಚೂರು ಒಳಗಿನವರ ಮುಖಕ್ಕೆ ಹಾರದಂತೆ ತಡೆಯುವುದು ಅದೇ. ಥಿನ್ನರ್, ಪೆಟ್ರೋಲ್, ಅಮೋನಿಯ ಇರುವ ಕ್ಲೀನರ್ ತಾಗಿದರೆ ಜೇಡರ ಬಲೆಯಂತೆ ಸೀಳು ಬಿಡುತ್ತದೆ. ಸೌಮ್ಯ ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಏಪ್ರಿಲ್ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಗಾಜಿಗೆ ಹೊರಗಿನಿಂದ ಹೊದಿಕೆ ಹಾಕಿ. ಅಂಚಿನಲ್ಲಿ ಹಾಲಿನಂಥ ಮಬ್ಬು, ಗುಳ್ಳೆ ಕಂಡರೆ ಪದರ ಬಿಡುತ್ತಿದೆ ಎಂದೇ ಅರ್ಥ. ಅದನ್ನು ಲಾಗ್‌ಬುಕ್ಕಿನಲ್ಲಿ ಅಳತೆ ಸಮೇತ ಬರೆದು, ಗಾಜು ಬದಲಿಸಲು ಅಂದೇ ಕೇಳಿ.