ಫ್ಲೆಕ್ಸಿಗೆ ಕಚ್ಚಿದ ಇಂಕು ಅಕ್ರಿಲಿಕ್ಕಿಂದ ಯಾಕೆ ಏಳತ್ತೆ?

ಶಿವಮೊಗ್ಗದ ದುರ್ಗಿಗುಡಿ, ನೆಹರೂ ರೋಡ್ ಕಡೆ ಪ್ರಿಂಟಿಂಗ್ ಅಂಗಡಿಯವರನ್ನ ಮಳೆಗಾಲದಲ್ಲಿ ಮಾತಾಡ್ಸಿ ನೋಡಿ, ಒಂದಲ್ಲ ಒಂದು ಹೊತ್ತಲ್ಲಿ ಈ ಕಂಪ್ಲೇಂಟ್ ಬಂದೇ ಬರತ್ತೆ, ಬೋರ್ಡಿಂದ ಇಂಕ್ ಎದ್ದು ಬರ್ತಿದೆ ಅಂತ. ಹೋಂಸ್ಟೇ ಬೋರ್ಡು, ಕ್ಲಿನಿಕ್ಕಿನ ನೇಮ್‌ಪ್ಲೇಟು, ಮನೆ ಗೇಟಿನ ಹೆಸರು, ಯಾವುದಾದ್ರೂ ಆಗಬಹುದು. ಮೊದಲು ಏಳೋದು ಸ್ಕ್ರೂ ಹಾಕಿದ ತೂತಿನ ಸುತ್ತ, ಇಲ್ಲಾ ಕಟಿಂಗ್ ಮಾಡಿದ ಅಂಚಲ್ಲಿ. ಅಲ್ಲಿ ಉಗುರು ಹಾಕಿ ಎಳೆದ್ರೆ ಬಣ್ಣ ಪುಡಿಯಾಗಿ ಉದುರಲ್ಲ, ಅಕ್ಷರಕ್ಕೆ ಅಕ್ಷರನೇ ತೆಳ್ಳಗೆ ಪೊರೆಯಾಗಿ ಕೈಗೆ ಬರತ್ತೆ. ಬೈಗುಳ ಎಲ್ಲ ಇಂಕಿಗೆ, ಅದಾದ್ಮೇಲೆ ಮಷೀನಿಗೆ. ನಂಗನ್ನಿಸೋದು, ಬೈಬೇಕಾಗಿರೋದು ಆ ಶೀಟಿನ ಮೇಲ್ಮೈನ. ಇದು ಇವತ್ತಿನ ತೊಂದ್ರೆನೂ ಅಲ್ಲ, ಇಂಕಿಂದ ಸಾಲ್ವೆಂಟ್ (ಆರಿ ಹೋಗೋ ದ್ರಾವಕ) ತೆಗೆದ ದಿನಾನೇ ಶುರುವಾಗಿದ್ದು.

ಫ್ಲೆಕ್ಸ್ ಕಾಲದಲ್ಲಿ ಈ ಪ್ರಶ್ನೆನೇ ಇರ್ಲಿಲ್ಲ ಅಲ್ವಾ. ಫ್ಲೆಕ್ಸ್ ಅಂದ್ರೆ ಪಿವಿಸಿ ಬಳಿದ ಬಟ್ಟೆ, ಅದರ ಮೇಲೆ ಬೀಳೋ ಸಾಲ್ವೆಂಟ್ ಇಂಕಲ್ಲಿರೋ ಸೈಕ್ಲೋಹೆಕ್ಸನೋನ್ ಥರದ ದ್ರಾವಕ ಆ ಪಿವಿಸಿನ ಸ್ವಲ್ಪ ಕರಗಿಸಿ ಮೆತ್ತಗೆ ಮಾಡತ್ತೆ, ಬಣ್ಣ ಒಳಗೆ ಇಳಿಯತ್ತೆ, ದ್ರಾವಕ ಆರಿ ಹೋಗತ್ತೆ, ಅಲ್ಲಿಗೆ ಬಣ್ಣನೂ ಪ್ಲಾಸ್ಟಿಕ್ಕೂ ಒಂದೇ. ಅದಕ್ಕೆ ಬೆಲೆ ಕೊಟ್ಟಿದ್ದು ಮೂಗು ಮತ್ತೆ ಶ್ವಾಸಕೋಶ. ಬಾಗ್ಲು ಹಾಕಿದ ಫ್ಲೆಕ್ಸ್ ಅಂಗಡಿಲಿ ಒಂದು ಗಂಟೆ ಕೂತವರಿಗೆ ಗೊತ್ತು. 2016ರ ಮಾರ್ಚಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಡಿಸಿದಾಗ ಫ್ಲೆಕ್ಸ್, ಬ್ಯಾನರ್ ಕೂಡ ಅದ್ರಲ್ಲಿ ಸೇರ್ಕೊಂಡ್ವು (ಗಣಪತಿ ಹಬ್ಬಕ್ಕೆ, ಎಲೆಕ್ಷನ್ನಿಗೆ ಎಷ್ಟು ನಿಂತ್ವು ಅನ್ನೋದು ಬೇರೆ ಮಾತು). ಅಕ್ರಿಲಿಕ್, ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನಲ್), ಗ್ಲಾಸು, ಟೈಲ್ಸ್ ಮೇಲೆ ನೇರವಾಗಿ ಹೊಡೆಯೋ ಯುವಿ ಫ್ಲಾಟ್‌ಬೆಡ್ ಮಷೀನ್ (ಶೀಟನ್ನ ಚಪ್ಪಟೆಯಾಗಿ ಮಲಗಿಸಿ ಹೊಡೆದು, ಇಂಕನ್ನ ಅಲ್ಟ್ರಾವೈಲೆಟ್ ಬೆಳಕಲ್ಲಿ ಗಟ್ಟಿ ಮಾಡೋದು) ಬಂದಿದ್ದು ಈ ಸಮಸ್ಯೆನ ಜೊತೆಗೇ ಕಟ್ಕೊಂಡು.

ಯುವಿ ಇಂಕು ಮಾತ್ರ ಹಳೇದೇ. ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1946ರಲ್ಲಿ, 1960ರ ದಶಕದಲ್ಲಿ ಜರ್ಮನಿಯ ಫರ್ನಿಚರ್ ಫ್ಯಾಕ್ಟರಿಗಳು ಮರಕ್ಕೆ ಬಳಿಯೋಕೆ ಇದೇ ತಂತ್ರ ಬಳಸಿದ್ವು. 1970ರಲ್ಲಿ ಅಮೆರಿಕದ ಕ್ಲೀನ್ ಏರ್ ಕಾಯ್ದೆ ಬಂದು ಗಾಳಿಗೆ ಸಾಲ್ವೆಂಟ್ ಬಿಡೋದು ಕಷ್ಟ ಆದ್ಮೇಲೆ ಪ್ರಿಂಟಿಂಗಿನವರೂ ಇದರ ಕಡೆ ತಿರುಗಿದ್ರು. ಇದ್ರಲ್ಲಿ ಆರೋದು ಅಂತ ಏನೂ ಇಲ್ಲ. ದ್ರವದಲ್ಲಿ ಅಕ್ರಿಲೇಟ್ ಅಣುಗಳು, ಜೊತೆಗೆ ಫೋಟೋಇನಿಶಿಯೇಟರ್ ಅನ್ನೋ ವಸ್ತು. ಯುವಿ ಬೆಳಕು ಬಿದ್ದ ತಕ್ಷಣ ಅದು ಒಡೆದು, ಅಕ್ರಿಲೇಟ್ ಒಂದಕ್ಕೊಂದು ಸರಪಳಿ ಕಟ್ಕೊಂಡು ಸೆಕೆಂಡಿಗೂ ಕಮ್ಮಿ ಹೊತ್ತಲ್ಲಿ ಗಟ್ಟಿ ಪ್ಲಾಸ್ಟಿಕ್ ಆಗತ್ತೆ. ಕೇಳೋಕೆ ಎಷ್ಟು ಚಂದ! ಆದ್ರೆ ಶೀಟನ್ನ ಕರಗಿಸಿ ಒಳಗಿಳಿಯೋಕೆ ಸಾಲ್ವೆಂಟಿಗೆ ಸಿಗ್ತಿದ್ದ ಟೈಮು ಇದಕ್ಕೆ ಸಿಗಲ್ಲ, ಇಂಕು ಮೇಲ್ಗಡೆನೇ ಗಟ್ಟಿಯಾಗಿ ಕೂತ್ಬಿಡತ್ತೆ. ಅದು ಸಾಲ್ದು ಅಂತ ಸರಪಳಿ ಕಟ್ಕೊಳ್ಳೋವಾಗ ಅಣುಗಳು ಹತ್ತಿರ ಬರೋದ್ರಿಂದ ಪೊರೆ ಕುಗ್ಗತ್ತೆ, ಕುಗ್ಗೋವಾಗ ಶೀಟಿಂದ ತನ್ನನ್ನ ತಾನೇ ಎಳ್ಕೊಳ್ಳತ್ತೆ. ಮಷೀನಿಂದ ಹೊರಗೆ ಬರೋ ಹೊತ್ತಿಗೇ ಆ ಎಳೆತ ಒಳಗೆ ಕೂತಿರತ್ತೆ, ಮಳೆ ಬರೀ ನೆಪ.

ಸ್ಕ್ರೀನ್ ಪ್ರಿಂಟಿಂಗಲ್ಲಿ ಇದನ್ನ ಹೆಂಗೋ ಸಂಭಾಳಿಸ್ತಿದ್ರು, ಯಾಕಂದ್ರೆ ಅಲ್ಲಿ ಇಂಕು ದಪ್ಪ, ಅಂಟಿಸೋಕೆ ಬೇಕಾದ ರೆಸಿನ್ (ಗಟ್ಟಿ ಅಂಟಿನಂಥ ವಸ್ತು) ಎಷ್ಟು ಬೇಕೋ ಅಷ್ಟು ಸೇರಿಸಬಹುದಿತ್ತು. 2000ದ ಆಸುಪಾಸಲ್ಲಿ ಯುವಿ ಇಂಕ್‌ಜೆಟ್ ಬಂತು ನೋಡಿ, ಆಗ ನಿಜವಾಗ್ಲೂ ತಲೆನೋವು ಶುರುವಾಯ್ತು. ಕೂದಲಿಗಿಂತ ಸಣ್ಣ ನಾಝಲ್ಲಿಂದ ಹನಿ ಹಾರ್ಬೇಕು ಅಂದ್ರೆ ಇಂಕನ್ನ 40–45 ಡಿಗ್ರಿಗೆ ಬಿಸಿ ಮಾಡಿದ್ರೂ ಸುಮಾರು 10 ಸೆಂಟಿಪಾಯ್ಸ್ (ದ್ರವ ಎಷ್ಟು ಮಂದ ಅಂತ ಅಳೆಯೋ ಲೆಕ್ಕ) ಆಸುಪಾಸು ತೆಳ್ಳಗಿರ್ಬೇಕು. ದಪ್ಪ ರೆಸಿನ್‌ಗೆ ಜಾಗನೇ ಇಲ್ಲ. ಹಾಗಾಗಿ ಕೆಮಿಸ್ಟ್ರಿಯವರು ತೆಳ್ಳಗಿರೋ ಮೊನೊಮರ್‌ಗಳಿಂದಾನೇ (ಸರಪಳಿ ಕಟ್ಕೊಳ್ಳೋ ಬಿಡಿ ಅಣುಗಳು) ಕೆಲಸ ತೆಗೆದ್ರು: ಹೆಕ್ಸೇನ್‌ಡಯಾಲ್ ಡೈಅಕ್ರಿಲೇಟ್, ವಿನೈಲ್ ಕ್ಯಾಪ್ರೊಲ್ಯಾಕ್ಟಮ್ ಥರದವು ಗಟ್ಟಿಯಾಗೋಕೆ ಮುಂಚೆ ಸಿಗೋ ಆ ಅರೆಗಳಿಗೆಲಿ ಪಿವಿಸಿ, ಅಕ್ರಿಲಿಕ್ಕಿನ ಮೇಲ್ಮೈನ ಚೂರು ಉಬ್ಬಿಸಿ ಒಳಗೆ ತೂರ್ಕೊಳ್ತವೆ. ಸಾಲ್ವೆಂಟ್ ಮಾಡ್ತಿದ್ದ ಕೆಲಸನೇ, ಕದ್ದು ಮಾಡಿದ ಹಾಗೆ. ಒಂದೇ ಕಡೆ ಕೊಂಡಿ ಇರೋ ಅಣು ಹೆಚ್ಚು ಹಾಕಿದ್ರೆ ಇಂಕು ಕಮ್ಮಿ ಕುಗ್ಗತ್ತೆ, ಮೆತ್ತಗಿರತ್ತೆ, ಚೆನ್ನಾಗಿ ಹಿಡಿಯತ್ತೆ, ಆದ್ರೆ ಗೀರು ಬೇಗ ಬೀಳತ್ತೆ. ಎರಡು ಮೂರು ಕೊಂಡಿ ಇರೋದು ಹೆಚ್ಚು ಹಾಕಿದ್ರೆ ಗೀರು ಬೀಳಲ್ಲ, ಆದ್ರೆ ಚಕ್ಕೆ ಏಳತ್ತೆ. ಅಂಗಡಿಗಳಲ್ಲಿ ಹಾರ್ಡ್ ಇಂಕ್, ಸಾಫ್ಟ್ ಇಂಕ್ ಅಂತ ಮಾತಾಡೋದು ಇದನ್ನೇ. ಎರಡೂ ಒಂದೇ ಬಾಟ್ಲಲ್ಲಿ ಕೊಡ್ತೀನಿ ಅನ್ನೋ ಸೇಲ್ಸ್‌ನವರನ್ನ ನಾನಂತೂ ನಂಬಲ್ಲ.

ಪಾಲಿಪ್ರೊಪಿಲೀನ್ ಮುಂದೆ ಈ ಕೆಮಿಸ್ಟ್ರಿನೂ ನಡೆಯಲ್ಲ. ಕೆಸುವಿನ ಎಲೆ ಮೇಲೆ ನೀರು ಹೆಂಗೆ ಮುತ್ತಾಗಿ ಉರುಳತ್ತೋ ಅದರಿಂದ ಮಾಡೋ ಸನ್‌ಪ್ಯಾಕ್ ಶೀಟ್ ಮೇಲೆ ಇಂಕಿಗೂ ಅದೇ ಮನಸ್ಸು. ಮೇಲ್ಮೈ ಇಂಕನ್ನ ಎಷ್ಟು ಹರಡೋಕೆ ಬಿಡತ್ತೆ ಅನ್ನೋದನ್ನ ಅಳೆಯೋದು ಡೈನ್ ಲೆಕ್ಕದಲ್ಲಿ: ಪಾಲಿಪ್ರೊಪಿಲೀನು ಹಾಗೇ ಇದ್ರೆ ಸುಮಾರು 30, ಪ್ರಿಂಟ್ ನಿಲ್ಬೇಕು ಅಂದ್ರೆ 40ರ ಹತ್ರ ಬೇಕು. ಇದಕ್ಕೆ ದಾರಿ ಸಿಕ್ಕಿದ್ದು ಇಂಕ್‌ಜೆಟ್ ಹುಟ್ಟೋಕೆ ಎಷ್ಟೋ ಮುಂಚೆ, 1951ರಲ್ಲಿ ಡೆನ್ಮಾರ್ಕಿನ ವೆರ್ನರ್ ಐಸ್ಬಿ ಅನ್ನೋ ಎಂಜಿನಿಯರ್ ಕೊರೋನಾ ಟ್ರೀಟ್ಮೆಂಟ್ ಕಂಡುಹಿಡಿದಾಗ (ಆ ಕೊರೋನಾ ಅಲ್ಲ ಮಾರಾಯ್ರೆ!). ಹೈವೋಲ್ಟೇಜ್ ಕಿಡಿ ಹಾಯಿಸಿದ್ರೆ ಮೇಲ್ಮೈಗೆ ಆಕ್ಸಿಜನ್ ಸೇರ್ಕೊಂಡು ಇಂಕಿಗೆ ಹಿಡ್ಕೊಳ್ಳೋಕೆ ಜಾಗ ಸಿಗತ್ತೆ. ಆದ್ರೆ ಈ ಗುಣ ದಿನ ಕಳೆದ ಹಾಗೆ ಇಳಿಯತ್ತೆ, ಫ್ಯಾಕ್ಟರಿಲಿ ಟ್ರೀಟ್ ಆದ ಶೀಟು ಗೋಡೌನಲ್ಲಿ ತಿಂಗಳುಗಟ್ಲೆ ಬಿದ್ದಿದ್ರೆ ಬಿಲ್ಲಲ್ಲಿ ಟ್ರೀಟೆಡ್ ಅಂತಿರತ್ತೆ, ಶೀಟಲ್ಲಿ ಇರಲ್ಲ. ಇದನ್ನ ನೋಡೋ ಡೈನ್ ಪೆನ್ನು ಒಂದು ಇಟ್ಕೊಂಡ್ರೆ ಗೊತ್ತಾಗತ್ತೆ: 38ರ ಪೆನ್ನಲ್ಲಿ ಗೆರೆ ಎಳೀರಿ, ಎರಡು ಸೆಕೆಂಡ್ ಗೆರೆಯಾಗೇ ನಿಂತ್ರೆ ಸರಿ, ಹನಿಹನಿಯಾಗಿ ಒಡೆದು ಕೂತ್ರೆ ಆ ಶೀಟನ್ನ ಮಷೀನಿಗೆ ಹಾಕೋದೇ ಬೇಡ. ಎಸಿಪಿಲೂ ಪಿವಿಡಿಎಫ್ ಕೋಟಿಂಗ್ ಇದ್ರೆ ಇದೇ ಗೋಳು, ಅದು ಫ್ಲೋರಿನ್ ಇರೋ ಪ್ಲಾಸ್ಟಿಕ್ಕು, ಪಾಲಿಯೆಸ್ಟರ್ ಕೋಟಿಂಗಿನ ಶೀಟು ಎಷ್ಟೋ ವಾಸಿ.

ನಡುವೆ ದೀಪನೂ ಬದಲಾಯ್ತು. ಹಳೇ ಮರ್ಕ್ಯುರಿ ಲ್ಯಾಂಪು ಹಲವು ತರಂಗಾಂತರದ ಯುವಿ ಕೊಡ್ತಿತ್ತು, ಜೊತೆಗೆ ಸಿಕ್ಕಾಪಟ್ಟೆ ಬಿಸಿ, ಆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಹಿಡಿತಕ್ಕೆ ಸಹಾಯನೂ ಆಗ್ತಿತ್ತು. ಈಗಿನ ಎಲ್ಇಡಿ ತಣ್ಣಗೆ ಉರಿಯತ್ತೆ, ಬೆಳಕು 365, 385, 395 ನ್ಯಾನೋಮೀಟರ್ ಅಂತ ಒಂದೇ ಕಡೆ. ಕರೆಂಟ್ ಉಳಿತಾಯ, ತೆಳು ಶೀಟು ಸೊಟ್ಟಗಾಗಲ್ಲ, ಎಲ್ಲ ಸರಿ. ಆದ್ರೆ ಮೇಲ್ಪದರ ಗಾಳಿಯ ಆಕ್ಸಿಜನ್‌ನಿಂದ ಅಂಟಂಟಾಗಿ ಉಳಿಯತ್ತೆ, ಅದಕ್ಕೆ ಆಪರೇಟರ್ ಪವರ್ ಏರಿಸ್ತಾನೆ, ಇಂಕು ಪೆಡಸಾಗತ್ತೆ. ಬಿಳಿ ಮೇಲೆ ಕಪ್ಪು ದಪ್ಪಗೆ ಹೊಡೆದಲ್ಲಿ ಉಲ್ಟಾ: ಬೆಳಕು ತಳಕ್ಕೆ ತಲುಪದೆ ಮೇಲೆ ಒಣಗಿ ಕೆಳಗೆ ಹಸಿಯಾಗಿರತ್ತೆ, ಹಿಡಿಬೇಕಾಗಿರೋದು ಆ ಕೆಳಗಿನ ಪದರನೇ.

ಇನ್ನು ನಮ್ಮ ಮಳೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಆಗುಂಬೆ ಕಡೆಗೆ ಬೋರ್ಡ್ ಕಳಿಸೋರು ಬೆಂಗಳೂರಿನ ಯೂಟ್ಯೂಬ್ ವಿಡಿಯೋ ನೋಡಿ ಸೆಟ್ಟಿಂಗ್ ಇಟ್ಕೊಂಡ್ರೆ ಆಗಲ್ಲ. ಗಾಜು, ಟೈಲ್ಸು ನೀರಿನ ತೆಳು ಪದರನ ಮೈಮೇಲೆ ಇಟ್ಕೊಂಡೇ ಇರತ್ತೆ, ಇಂಕು ಅದರ ಮೇಲೆ ಕೂತಿರತ್ತೆ, ಆಮೇಲೆ ಅಂಚಿಂದ ನೀರು ಒಳಗೆ ಹೋದ್ರೆ ಮುಗೀತು. ಗಾಜಿಗೆ ಸೈಲೇನ್ ಇರೋ ಪ್ರೈಮರ್ ಬೇಕೇ ಬೇಕು, ಅದು ಒಂದು ಕಡೆ ಗಾಜನ್ನ ಇನ್ನೊಂದು ಕಡೆ ಇಂಕನ್ನ ಹಿಡ್ಕೊಳ್ಳತ್ತೆ. ಅಕ್ರಿಲಿಕ್ಕಿಗೆ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿದ್ಮೇಲೆ ಉಳಿಯೋ ಅಂಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ನಾರು ಬಿಡದ ಬಟ್ಟೆಲಿ ಒರೆಸಿ, ಪೂರ್ತಿ ಆರೋಕೆ ಬಿಡೋದು. ಜೂನಲ್ಲಿ ಆರೋಕೆ ಹೆಚ್ಚು ಹೊತ್ತು ಬೇಕು, ಅವಸರ ಮಾಡಿದ್ರೆ ಒರೆಸಿದ್ದೂ ದಂಡ.

ಇಂಕು ಹಿಡಿದಿದೆಯಾ ಅಂತ ನೋಡೋ ಟೆಸ್ಟು ಕೂಡ ಹಳೇದೇ, ಎಎಸ್‌ಟಿಎಂ ಡಿ3359 ಅನ್ನೋ ಅಮೆರಿಕದ ಸ್ಟ್ಯಾಂಡರ್ಡ್. ಬ್ಲೇಡಲ್ಲಿ ಅಡ್ಡ ಉದ್ದ ಗೀರಿ ಚೌಕ ಮಾಡಿ, ಟೇಪ್ ಅಂಟಿಸಿ ಎಳೆಯೋದು, ಏನೂ ಏಳ್ದೆ ಇದ್ರೆ 5ಬಿ, ನೂರಕ್ಕೆ 65ಕ್ಕಿಂತ ಹೆಚ್ಚು ಪಾಲು ಎದ್ರೆ 0ಬಿ. ಪ್ರಿಂಟ್ ಮಾಡಿದ ತಕ್ಷಣ ಮಾಡ್ಬೇಡಿ, ಇಂಕು ಒಳಗೊಳಗೆ ಗಟ್ಟಿಯಾಗ್ತಾನೇ ಇರತ್ತೆ, 24 ಗಂಟೆ ಬಿಡಿ. ಮಲೆನಾಡಿಗೆ ನಾನು ಸೇರಿಸೋದು ಒಂದೇ: ಇನ್ನೊಂದು ತುಂಡನ್ನ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟು ಬೆಳಗ್ಗೆ ಅದೇ ಟೇಪ್ ಟೆಸ್ಟ್ ಮಾಡಿ, ಒಣಗಿದ ತುಂಡಲ್ಲಿ ಪಾಸಾಗಿದ್ದು ಅಲ್ಲಿ ಫೇಲಾಗೋದು ಅಪರೂಪ ಏನಲ್ಲ. ಗಿರಾಕಿ ಪ್ರೈಮರ್ ಕಾಸು ಕೊಡಲ್ಲ ಅಂದ್ರೆ, ಪಾರದರ್ಶಕ ಅಕ್ರಿಲಿಕ್ ತಗೊಂಡು ಹಿಂದ್ಗಡೆಯಿಂದ ಉಲ್ಟಾ ಪ್ರಿಂಟ್ ಮಾಡಿ, ಆ ಕಡೆ ಗೋಡೆಗೆ ಬರೋ ಹಾಗೆ ಅಂಚು ಸಿಲಿಕೋನ್ ಹಾಕಿ ಮುಚ್ಚಿ ಕೊಡಿ.