ಮ್ಯಾನೇಜ್ಡ್ ಸ್ವಿಚ್ ಕೇಬಲ್ ಚುಚ್ಚಿದ ಕೂಡಲೇ ಓಡಿತು, ಮತ್ತೆ ಸೆಟಪ್ ಯಾಕೆ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮದು ರೈಸ್ ಮಿಲ್. 16 ಕ್ಯಾಮೆರಾ, ಆಫೀಸಿನ ಕಂಪ್ಯೂಟರ್‌ಗಳು, ವೇಬ್ರಿಜ್, ವೈಫೈ ಎಲ್ಲಾ ಸೇರಿಸಿ 24 ಪೋರ್ಟಿನ ಮ್ಯಾನೇಜ್ಡ್ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮೆರಾಗೆ ಕರೆಂಟೂ ಕೊಡುವಂಥದ್ದು) ತಂದಿದ್ದೇವೆ. ಕೇಬಲ್ ಚುಚ್ಚಿದ ಕೂಡಲೇ ಎಲ್ಲವೂ ಓಡಿತು. ಆದರೂ ಸೆಟಪ್ ಮಾಡಬೇಕು ಅಂತ ಕೆಲವರು ಹೇಳ್ತಾರೆ. ಓಡ್ತಿರೋದನ್ನ ಯಾಕೆ ಮುಟ್ಟಬೇಕು? ಹಾಗೇ ಬಿಟ್ಟರೆ ಏನಾಗುತ್ತೆ?

ಉತ್ತರ: ಹಾಗೇ ಬಿಟ್ಟರೆ ನಾಳೆಯೇ ಏನೂ ಕೆಡುವುದಿಲ್ಲ. ಹೊಸ ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಎಲ್ಲಾ ಪೋರ್ಟ್‌ಗಳೂ ವಿಲ್ಯಾನ್ 1 ಎಂಬ ಒಂದೇ ಗುಂಪಿನಲ್ಲಿರುತ್ತವೆ. ಹಾಗಾಗಿ ಅದು ಸಾದಾ ಸ್ವಿಚ್ ಥರಾನೇ ಓಡುತ್ತದೆ. ಆದರೆ ಜಾಸ್ತಿ ದುಡ್ಡು ಕೊಟ್ಟಿದ್ದು ಯಾವುದಕ್ಕೋ ಅದು ನಿಮಗಿನ್ನೂ ಸಿಕ್ಕಿಲ್ಲ. ಇನ್ನೊಂದು ಮಾತು. ಸಾದಾ ಸ್ವಿಚ್‌ಗೆ ಲಾಗಿನ್ ಅನ್ನೋದೇ ಇಲ್ಲ, ನಿಮ್ಮದಕ್ಕಿದೆ. ಎಷ್ಟೋ ಮಾದರಿಗಳಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್ ಎರಡೂ 'ಅಡ್ಮಿನ್' ಆಗಿರುತ್ತವೆ. ಹೊಸ ಮಾದರಿಗಳಲ್ಲಿ ಮೊದಲ ಸಲ ಲಾಗಿನ್ ಆದವರೇ ಪಾಸ್‌ವರ್ಡ್ ಇಡಬೇಕು. ನೀವು ಲಾಗಿನ್ ಆಗಿಲ್ಲ ಅಂದರೆ ಆ ಮೊದಲಿನವರು ನಿಮ್ಮ ವೈಫೈಗೆ ಸೇರಿದ ಬೇರೆ ಯಾರೋ ಆಗಬಹುದು.

ಆದ್ದರಿಂದ ಮುಟ್ಟಿ, ಅರ್ಧ ದಿನದ ಕೆಲಸ ಅಷ್ಟೇ. ಆದರೆ ಸುಗ್ಗಿಯಲ್ಲಿ ಬೇಡ. ಭತ್ತದ ಲಾರಿಗಳು ವೇಬ್ರಿಜ್ ಮುಂದೆ ಸಾಲುಗಟ್ಟಿ ನಿಂತಿರುವಾಗ ನೆಟ್‌ವರ್ಕ್ ಹತ್ತು ನಿಮಿಷ ನಿಂತರೂ ಗಲಾಟೆ ಆಗುತ್ತದೆ. ಮಿಲ್ಲಿಗೆ ರಜೆ ಇರುವ ದಿನ ನೋಡಿಕೊಳ್ಳಿ.

ಲಾಗಿನ್ ಆಗುವ ಮೊದಲು ಸ್ವಿಚ್ ಎಲ್ಲಿ ಕೂತಿದೆ ನೋಡಿ. ನಮ್ಮ ಕಡೆ ಇದೇ ದೊಡ್ಡ ವಿಷಯ. ಆಫೀಸಿಗೆ ಅಂತ ಮಾಡಿದ ಬಹಳಷ್ಟು ಸ್ವಿಚ್‌ಗಳ ಡೇಟಾಶೀಟಿನಲ್ಲಿ 0ಯಿಂದ 40 ಅಥವಾ 45 ಡಿಗ್ರಿ ಸೆಲ್ಸಿಯಸ್ ಅಂತ ಬರೆದಿರುತ್ತದೆ. ಅದು ಸ್ವಿಚ್ಚಿನ ಸುತ್ತ ಇರುವ ಗಾಳಿಯ ಬಿಸಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ, ಮುಚ್ಚಿದ ರ‍್ಯಾಕಿನೊಳಗೆ ಎಷ್ಟಿರುತ್ತದೆ ಲೆಕ್ಕ ಹಾಕಿ. ಜತೆಗೆ ಮಿಲ್ಲಿನ ಹೊಟ್ಟು, ತೌಡಿನ ಧೂಳು. ಸ್ವಿಚ್ಚಿನ ಫ್ಯಾನ್ ಆ ಧೂಳನ್ನೆಲ್ಲಾ ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಅದೇ ನಿಂತುಹೋಗುತ್ತದೆ. ಹಾಗಾಗಿ ಸ್ವಿಚ್ ಮಿಲ್ಲಿನ ಶೆಡ್ಡಿನಲ್ಲಿದ್ದರೆ ಆಫೀಸಿಗೆ ತನ್ನಿ. ಗೋಡೆಗೆ ರ‍್ಯಾಕ್ ಹಾಕಿಸಿ, ಸ್ವಿಚ್ಚಿನ ಮೇಲೆ ಕೆಳಗೆ ಒಂದೊಂದು ಯೂನಿಟ್ ಖಾಲಿ ಬಿಡಿ. ಒಂದು ಯೂನಿಟ್ ಅಂದರೆ 44.45 ಮಿಲಿಮೀಟರ್ ಎತ್ತರ. ಮೋಟರ್‌ಗಳ ಪ್ಯಾನೆಲ್ ಬೋರ್ಡ್ ಪಕ್ಕ ಬೇಡ. ಸ್ವಿಚ್ಚಿಗೆ ಅರ್ಥಿಂಗ್ ಸ್ಕ್ರೂ ಕೊಟ್ಟಿದ್ದರೆ ಅದನ್ನು ಸುಮ್ನೆ ಬಿಡಬೇಡಿ, ಒಳ್ಳೆ ಅರ್ಥಿಗೆ ಜೋಡಿಸಿ. ಶೆಡ್ಡಿನಲ್ಲೇ ಇಡಬೇಕು ಅನ್ನುವಂತಿದ್ದರೆ ಫ್ಯಾನ್ ಇಲ್ಲದ ಇಂಡಸ್ಟ್ರಿಯಲ್ ಸ್ವಿಚ್ ಬೇರೇನೇ ಸಿಗುತ್ತದೆ, 75 ಡಿಗ್ರಿವರೆಗೆ ತಡೆಯುವಂಥದ್ದು. ಅದರ ಬೆಲೆ ಜಾಸ್ತಿ.

ಕೇಬಲ್ ಕೂಡ ಒಮ್ಮೆ ನೋಡಿಬಿಡಿ. ಒಂದು ತುಂಡು ಕತ್ತರಿಸಿ ಒಳಗಿನ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪಗೇ ಇದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ಸಿಸಿಎ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಪಿಒಇಯಲ್ಲಿ ಕರೆಂಟು ಇದೇ ತಂತಿಯಲ್ಲಿ ಹೋಗುವುದರಿಂದ ಉದ್ದದ ಸಿಸಿಎ ಕೇಬಲ್ ಕೊನೆಯ ಕ್ಯಾಮೆರಾ ಆಗಾಗ ಆಫ್ ಆಗಿ ಆನ್ ಆಗುತ್ತಿರುತ್ತದೆ. ತಾಮ್ರದ ಕೇಬಲಿಗೂ 100 ಮೀಟರ್ ಮಿತಿ ಇದೆ. ಗೇಟಿನ ವೇಬ್ರಿಜ್ ಅದಕ್ಕಿಂತ ದೂರ ಇದ್ದರೆ, ಅಥವಾ ಕೇಬಲ್ ಬಯಲಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಅಲ್ಲಿಗೆ ಫೈಬರ್ ಎಳೆಸಿ. ನಿಮ್ಮ ಸ್ವಿಚ್ಚಿನ ತುದಿಯಲ್ಲಿ ಎಸ್‌ಎಫ್‌ಪಿ ಅಂತ ಬರೆದ ಖಾಲಿ ಕಿಂಡಿಗಳಿದ್ದರೆ ಅವು ಇರುವುದೇ ಇದಕ್ಕೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಬೇಸಿಗೆ ಕೊನೆಯ ಗುಡುಗು ಸಿಡಿಲಿನ ಮಳೆಗೆ ಗೇಟಿನ ಕಡೆಯಿಂದ ಹೊಡೆತ ಬಂದು ಇಡೀ ಸ್ವಿಚ್ ಸುಡುವುದು ತಪ್ಪುತ್ತದೆ.

ಈಗ ಲಾಗಿನ್. ಮೊದಲು ಸ್ವಿಚ್ಚಿನಿಂದ ರೂಟರ್ ಕೇಬಲ್ ತೆಗೆಯಿರಿ, ಇದಕ್ಕೆ ಕಾರಣ ಇದೆ. ಒಂದೊಂದು ಕಂಪನಿ ಒಂದೊಂದು ಐಪಿ ಅಡ್ರೆಸ್ ಇಟ್ಟು ಕಳಿಸುತ್ತದೆ. ಟಿಪಿ-ಲಿಂಕ್‌ನಲ್ಲಿ ಸಾಮಾನ್ಯವಾಗಿ 192.168.0.1, ಡಿ-ಲಿಂಕ್‌ನಲ್ಲಿ 10.90.90.90, ನೆಟ್‌ಗೇರ್‌ನಲ್ಲಿ 192.168.0.239, ಸಿಸ್ಕೋದ ಸಣ್ಣ ಬಿಸಿನೆಸ್ ಮಾದರಿಗಳಲ್ಲಿ 192.168.1.254. ನಿಮ್ಮ ರೂಟರಿನದ್ದೂ 192.168.0.1 ಆಗಿದ್ದರೆ ಎರಡೂ ಒಂದೇ ಅಡ್ರೆಸ್ಸಿಗೆ ಕಿತ್ತಾಡುತ್ತವೆ, ನೆಟ್ ಬಂದು ಹೋಗಿ ಮಾಡುತ್ತದೆ. ಎಷ್ಟೋ ಜನ ಇದನ್ನು ಇಂಟರ್ನೆಟ್ ಕಂಪನಿಯ ತಪ್ಪು ಅಂದುಕೊಂಡು ದಿನಗಟ್ಟಲೆ ಫೋನ್ ಮಾಡ್ತಿರ್ತಾರೆ. ಸರಿಯಾದ ಅಡ್ರೆಸ್ ಸ್ವಿಚ್ಚಿನ ಅಡಿಯ ಲೇಬಲ್ಲಿನಲ್ಲೋ ಬಾಕ್ಸಿನೊಳಗಿನ ಚೀಟಿಯಲ್ಲೋ ಇರುತ್ತದೆ.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, 23ನೇ ಪೋರ್ಟಿಗೆ ಕೇಬಲ್ ಸಿಕ್ಕಿಸಿ. ಸ್ವಿಚ್ 192.168.0.1 ಆಗಿದ್ದರೆ ಲ್ಯಾಪ್‌ಟಾಪಿಗೆ ಕೈಯಿಂದ 192.168.0.10 ಕೊಡಿ, ಸಬ್‌ನೆಟ್ ಮಾಸ್ಕ್ 255.255.255.0. ಬ್ರೌಸರಿನಲ್ಲಿ ಸ್ವಿಚ್ಚಿನ ಅಡ್ರೆಸ್ ಹಾಕಿದರೆ ಲಾಗಿನ್ ಪುಟ ಬರುತ್ತದೆ. 'ಸುರಕ್ಷಿತ ಅಲ್ಲ' ಅಂತ ಎಚ್ಚರಿಕೆ ಬಂದರೆ ಗಾಬರಿ ಬೇಡ, ಇದು ನಿಮ್ಮದೇ ಸ್ವಿಚ್, ಮುಂದೆ ಹೋಗಿ. ಪಾಸ್‌ವರ್ಡ್ ಬದಲಿಸಿ. ರೂಟರ್ 192.168.1.1 ಆಗಿದ್ದರೆ ಸ್ವಿಚ್ಚಿಗೆ 192.168.1.2 ಕೊಡಿ, ಗೇಟ್‌ವೇ 192.168.1.1. ಆ 2ನ್ನು ರೂಟರ್ ಬೇರೆ ಯಾರಿಗೂ ಹಂಚದ ಹಾಗೆ ಡಿಎಚ್‌ಸಿಪಿ ಪಟ್ಟಿಯಿಂದ, ಅಂದರೆ ರೂಟರ್ ತಾನಾಗೇ ಹಂಚುವ ಅಡ್ರೆಸ್‌ಗಳ ಪಟ್ಟಿಯಿಂದ, ಹೊರಗಿಡಿ. ಅಡ್ರೆಸ್ ಬದಲಾದ ಕೂಡಲೇ ಪುಟ ನಿಂತುಹೋಗುತ್ತದೆ. ಲ್ಯಾಪ್‌ಟಾಪನ್ನೂ 192.168.1.10 ಮಾಡಿಕೊಂಡು ಮತ್ತೆ ಒಳಗೆ ಬನ್ನಿ. ಈಗ ರೂಟರ್ ಕೇಬಲನ್ನು 24ನೇ ಪೋರ್ಟಿಗೆ ವಾಪಸ್ ಸಿಕ್ಕಿಸಿ. ಟೆಲ್‌ನೆಟ್ (ಪಾಸ್‌ವರ್ಡನ್ನು ಮುಚ್ಚಿಡದೆ ಕಳಿಸುವ ಹಳೇ ಲಾಗಿನ್ ದಾರಿ) ಆನ್ ಇದ್ದರೆ ಆಫ್ ಮಾಡಿ. ಟೈಮ್ ಜೋನ್ +5:30 ಇಡಿ, ಲಾಗ್ ಓದುವಾಗ ಉಪಯೋಗಕ್ಕೆ ಬರುತ್ತದೆ.

ಇಲ್ಲೇ ಸೇವ್ ಬಗ್ಗೆ ಹೇಳಿಬಿಡ್ತೀನಿ. ಬಹಳ ಸ್ವಿಚ್‌ಗಳಲ್ಲಿ 'ಅಪ್ಲೈ' ಬೇರೆ, 'ಸೇವ್' ಬೇರೆ. ಅಪ್ಲೈ ಒತ್ತಿದರೆ ಬದಲಾವಣೆ ಆಗಲೇ ಜಾರಿಗೆ ಬರುತ್ತದೆ, ಆದರೆ ಕರೆಂಟು ಹೋದರೆ ಅಳಿಸಿಹೋಗುತ್ತದೆ. ಹೋಗಿ ಬರುವ ಕರೆಂಟಿನ ನಮ್ಮ ಊರುಗಳಲ್ಲಿ ಇದರಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ. ನಿನ್ನೆ ಮಾಡಿಟ್ಟ ಸೆಟಪ್ ಇವತ್ತು ಇರುವುದಿಲ್ಲ, ಸ್ವಿಚ್ಚೇ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಆದರೆ ಇದೇ ಗುಣ ನಮಗೆ ಸಹಾಯಕ್ಕೂ ಬರುತ್ತದೆ. ವಿಲ್ಯಾನ್ ಕೆಲಸದಲ್ಲಿ ಎಡವಟ್ಟಾಗಿ ಲಾಗಿನ್ನೇ ಆಗದ ಹಾಗಾದರೆ, ಸೇವ್ ಮಾಡಿಲ್ಲದಿದ್ದರೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸಾಕು, ಹಳೆಯ ಸೆಟಪ್ ವಾಪಸ್ ಬರುತ್ತದೆ. ಹಾಗಾಗಿ ಈಗ ಒಮ್ಮೆ ಸೇವ್ ಮಾಡಿ. ವಿಲ್ಯಾನ್ ಮುಗಿದು ಎಲ್ಲಾ ಸರಿ ಇದೆ ಅಂತ ನೋಡುವವರೆಗೆ ಮತ್ತೆ ಸೇವ್ ಬೇಡ. ಕೆಲವು ಸಣ್ಣ ಸ್ವಿಚ್‌ಗಳಲ್ಲಿ ಅಪ್ಲೈ ಒತ್ತಿದರೇ ಸೇವ್ ಆಗಿಬಿಡುತ್ತದೆ, ಅದನ್ನು ಮೊದಲೇ ತಿಳಿದುಕೊಳ್ಳಿ.

ವಿಲ್ಯಾನ್ ಯಾಕೆ ಬೇಕು? ಈಗ ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್, ಗೇಟಿನ ಕಂಬದ ಮೇಲಿನ ಕ್ಯಾಮೆರಾ, ದಲ್ಲಾಲಿಯ ಮೊಬೈಲು ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿವೆ. ಯಾರಾದರೂ ಕಂಬದ ಕ್ಯಾಮೆರಾ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ನೇರ ನಿಮ್ಮ ಲೆಕ್ಕಪತ್ರದ ಕಂಪ್ಯೂಟರ್ ಬಾಗಿಲಿಗೆ ಬಂದ ಹಾಗೆ. ಗದ್ದೆಯಲ್ಲಿ ಬದು ಕಟ್ಟಿ ಮಡಿ ಮಾಡ್ತೀವಲ್ಲ, ವಿಲ್ಯಾನ್ ಮಾಡೋದೂ ಅದೇ. ಒಂದು ಮಡಿಯ ನೀರು ಇನ್ನೊಂದಕ್ಕೆ ಹೋಗಬೇಕಾದರೆ ನಾವೇ ಬದು ಕಡಿಯಬೇಕು. ಇಲ್ಲಿ ಬದು ಕಡಿಯುವ ಕೆಲಸ ರೂಟರಿನದು.

ಜನ ಸಿಕ್ಕಿಬೀಳುವುದೂ ಇಲ್ಲೇ. ಇಂಟರ್ನೆಟ್ ಜತೆ ಬಂದ ಸಾದಾ ರೂಟರುಗಳಿಗೆ ಸಾಮಾನ್ಯವಾಗಿ ನಾವು ಮಾಡಿದ ವಿಲ್ಯಾನ್ ಗೊತ್ತಾಗುವುದಿಲ್ಲ. ಸ್ವಿಚ್‌ನಲ್ಲಿ ಮೂರು ನಾಲ್ಕು ವಿಲ್ಯಾನ್ ಮಾಡಿಬಿಟ್ಟರೆ ಅರ್ಧ ಆಫೀಸಿಗೆ ನೆಟ್ ಹೋಗುತ್ತದೆ. ನಿಮ್ಮ ಮಿಲ್ಲಿಗೆ ಅಷ್ಟೆಲ್ಲಾ ಬೇಡ. ಆಫೀಸು ವಿಲ್ಯಾನ್ 1ರಲ್ಲೇ ಇರಲಿ. ಕ್ಯಾಮೆರಾಗಳಿಗೆ ಮಾತ್ರ ವಿಲ್ಯಾನ್ 20 ಮಾಡಿ. ಕ್ಯಾಮೆರಾಗಳಿಗೆ ಇಂಟರ್ನೆಟ್ ಬೇಕಾಗಿಲ್ಲ, ರೆಕಾರ್ಡ್ ಮಾಡುವ ಎನ್‌ವಿಆರ್ ಸಿಕ್ಕರೆ ಸಾಕು. ಎನ್‌ವಿಆರ್ ಹಿಂದೆ ಎರಡು ನೆಟ್‌ವರ್ಕ್ ಪೋರ್ಟ್ ಇದ್ದರೆ ಕೆಲಸ ಸಲೀಸು. ಒಂದು ಕಾಲು ಕ್ಯಾಮೆರಾ ಕಡೆ, ಒಂದು ಕಾಲು ಆಫೀಸಿನ ಕಡೆ. ಎನ್‌ವಿಆರ್ ಸೆಟ್ಟಿಂಗಿನಲ್ಲಿ 'ಮಲ್ಟಿ-ಅಡ್ರೆಸ್' ಆರಿಸಿ ಎರಡಕ್ಕೂ ಬೇರೆ ಬೇರೆ ಅಡ್ರೆಸ್ ಕೊಡಿ. ಮೊಬೈಲಿನಲ್ಲಿ ಕ್ಯಾಮೆರಾ ನೋಡುವುದು ಆಫೀಸಿನ ಕಡೆಯ ಕಾಲಿನಿಂದ ನಡೆಯುತ್ತದೆ.

ಮಾಡುವ ಕ್ರಮ ಹೀಗೆ. ಮೊದಲು ಕ್ಯಾಮೆರಾಗಳಿಗೆ ಒಂದೊಂದಾಗಿ 192.168.20.11, 12, 13 ಎಂದು ಕೈಯಿಂದ ಅಡ್ರೆಸ್ ಕೊಡಿ. ವಿಲ್ಯಾನ್ 20ರಲ್ಲಿ ಅಡ್ರೆಸ್ ಹಂಚುವವರು ಯಾರೂ ಇರುವುದಿಲ್ಲ. ಆಮೇಲೆ ಸ್ವಿಚ್ಚಿನ 802.1ಕ್ಯೂ ವಿಲ್ಯಾನ್ ಪುಟದಲ್ಲಿ 20 ಅಂತ ಹೊಸದು ಮಾಡಿ. ಕ್ಯಾಮೆರಾಗಳ 1ರಿಂದ 16ನೇ ಪೋರ್ಟ್, ಎನ್‌ವಿಆರ್‌ನ ಕ್ಯಾಮೆರಾ ಕಾಲಿನ 17ನೇ ಪೋರ್ಟ್, ಇವಿಷ್ಟನ್ನೂ 'ಅನ್‌ಟ್ಯಾಗ್ಡ್' ಆಗಿ ಸೇರಿಸಿ. ಇಷ್ಟಕ್ಕೇ ನಿಲ್ಲಬೇಡಿ. ಅವೇ ಪೋರ್ಟ್‌ಗಳ ಪಿವಿಐಡಿ ಕೂಡ 20 ಆಗಬೇಕು, ವಿಲ್ಯಾನ್ 1ರಿಂದ ಅವುಗಳನ್ನು ತೆಗೆಯಬೇಕು. ಪೋರ್ಟಿನಿಂದ ಹೊರಗೆ ಹೋಗುವುದನ್ನು ಅನ್‌ಟ್ಯಾಗ್ಡ್ ಪಟ್ಟಿ ನೋಡಿಕೊಳ್ಳುತ್ತದೆ, ಒಳಗೆ ಬರುವುದನ್ನು ಪಿವಿಐಡಿ ನೋಡಿಕೊಳ್ಳುತ್ತದೆ. ಒಂದನ್ನು ಮಾಡಿ ಒಂದನ್ನು ಬಿಟ್ಟರೆ ಲೈಟು ಮಿಣುಕುತ್ತಿರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಇರುವ 23ನೇ ಪೋರ್ಟನ್ನು ಮಾತ್ರ ಮುಟ್ಟಲೇಬೇಡಿ. ಅದನ್ನು ವಿಲ್ಯಾನ್ 1ರಿಂದ ತೆಗೆದರೆ ನೀವೇ ಹೊರಗೆ ಉಳಿಯುತ್ತೀರಿ.

ಎನ್‌ವಿಆರ್‌ಗೆ ಒಂದೇ ಪೋರ್ಟ್ ಇದ್ದರೆ? ಆಗ ವಿಲ್ಯಾನ್ ಬಿಟ್ಟು 'ಪೋರ್ಟ್ ಐಸೋಲೇಷನ್' ನೋಡಿ. ಕ್ಯಾಮೆರಾ ಪೋರ್ಟ್‌ಗಳು ಎನ್‌ವಿಆರ್ ಪೋರ್ಟಿನ ಜತೆ ಮಾತ್ರ ಮಾತಾಡುವ ಹಾಗೆ ಕಟ್ಟಿಹಾಕಬಹುದು. ಡ್ರೈವರ್, ದಲ್ಲಾಲಿಗಳಿಗೆ ಕೊಡುವ ವೈಫೈಗೆ ಆಕ್ಸೆಸ್ ಪಾಯಿಂಟಿನಲ್ಲೇ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿದರೆ ಸದ್ಯಕ್ಕೆ ಸಾಕು.

ಮುಂದಿನದು ಲೂಪ್. ಆಫೀಸಿನ ಮೇಜಿನ ಕೆಳಗೆ ಒಂದು 5 ಪೋರ್ಟಿನ ಪುಟ್ಟ ಸ್ವಿಚ್ ಬಿದ್ದಿರುತ್ತದೆ ಅಂದುಕೊಳ್ಳಿ. ಕಸ ಗುಡಿಸುವಾಗ ಕೇಬಲ್ ಕಳಚುತ್ತದೆ. ಯಾರೋ ಒಳ್ಳೆ ಮನಸ್ಸಿನಿಂದ ಅದರ ಎರಡೂ ತುದಿಯನ್ನು ಅದೇ ಪುಟ್ಟ ಸ್ವಿಚ್ಚಿಗೆ ಸಿಕ್ಕಿಸುತ್ತಾರೆ. ಅಷ್ಟೇ, ಬ್ರಾಡ್‌ಕಾಸ್ಟ್ ಸಂದೇಶಗಳು ಸುತ್ತುತ್ತಾ ಸುತ್ತುತ್ತಾ ಕೆಲವೇ ಕ್ಷಣಗಳಲ್ಲಿ ಇಡೀ ಮಿಲ್ಲಿನ ನೆಟ್‌ವರ್ಕ್ ಸ್ತಬ್ಧ. ಎಲ್ಲಾ ಪೋರ್ಟಿನ ಲೈಟುಗಳೂ ಒಟ್ಟಿಗೆ ಜೋರಾಗಿ ಮಿಣುಕುತ್ತಿದ್ದರೆ ಅದೇ ಗುರುತು. ಮ್ಯಾನೇಜ್ಡ್ ಸ್ವಿಚ್ ಇದನ್ನು ಗುರುತಿಸಿ ಆ ಒಂದು ಪೋರ್ಟನ್ನು ಮಾತ್ರ ಮುಚ್ಚಬಲ್ಲದು. ಆದರೆ ಕೆಲವು ಮಾದರಿಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಬರುತ್ತದೆ. ಆರ್‌ಎಸ್‌ಟಿಪಿ, ಲೂಪ್ ಪ್ರೊಟೆಕ್ಷನ್ ಎರಡನ್ನೂ ಹುಡುಕಿ ಆನ್ ಮಾಡಿ. ಕ್ಯಾಮೆರಾ, ಕಂಪ್ಯೂಟರ್ ಇರುವ ಪೋರ್ಟ್‌ಗಳನ್ನು 'ಎಡ್ಜ್' ಅಂತ ಗುರುತು ಮಾಡಿ. ಇಲ್ಲದಿದ್ದರೆ ಪ್ರತಿ ಸಲ ಕರೆಂಟು ಬಂದಾಗ ಅವು 30 ಸೆಕೆಂಡ್ ಕಾಯಬೇಕಾಗಬಹುದು.

ಅದೇ ಥರದ ಇನ್ನೊಂದು ಕಾಟ: ವೈಫೈ ಸಿಗ್ತಿಲ್ಲ ಅಂತ ಮನೆಯ ಹಳೇ ರೂಟರ್ ತಂದು ಚುಚ್ಚುವುದು. ಅದು ತಾನೇ ಐಪಿ ಅಡ್ರೆಸ್ ಹಂಚಲು ಶುರು ಮಾಡುತ್ತದೆ, ಕೆಲವು ಕಂಪ್ಯೂಟರಿಗೆ ನೆಟ್ ಇರುತ್ತದೆ, ಕೆಲವಕ್ಕೆ ಇಲ್ಲ. 'ಡಿಎಚ್‌ಸಿಪಿ ಸ್ನೂಪಿಂಗ್' ಆನ್ ಮಾಡಿ, ನಿಜವಾದ ರೂಟರ್ ಇರುವ 24ನೇ ಪೋರ್ಟನ್ನು ಮಾತ್ರ 'ಟ್ರಸ್ಟೆಡ್' ಮಾಡಿದರೆ ಈ ಕಾಟ ಮುಗಿಯಿತು.

ಪಿಒಇ ಲೆಕ್ಕವನ್ನೂ ಮಾಡಿ. 802.3ಎಎಫ್ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, 802.3ಎಟಿ 30 ವ್ಯಾಟ್. ಆದರೆ 24 ಪೋರ್ಟಿಗೂ 30ರಂತೆ ಕೊಟ್ಟರೆ 720 ವ್ಯಾಟ್ ಬೇಕು. ನಿಮ್ಮ ಸ್ವಿಚ್ಚಿನ ಒಟ್ಟು ಪಿಒಇ ಬಜೆಟ್, ಅಂದರೆ ಎಲ್ಲಾ ಪೋರ್ಟಿಗೂ ಸೇರಿ ಅದು ಕೊಡಬಲ್ಲ ವ್ಯಾಟ್, ಎಷ್ಟು ಅಂತ ಡೇಟಾಶೀಟಿನಲ್ಲಿ ನೋಡಿ, ಅದು 250 ಇರಬಹುದು. ಒಂದು ಕ್ಯಾಮೆರಾಗೆ 10 ವ್ಯಾಟ್ ಹಿಡಿದರೆ 16ಕ್ಕೆ 160, ಹಾಗಿದ್ದರೆ ಚಿಂತೆ ಇಲ್ಲ. ಹಗಲೆಲ್ಲಾ ಓಡಿ ಕತ್ತಲಾದ ಮೇಲೆ ಕ್ಯಾಮೆರಾ ಬಂದ್ ಆಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ರಾತ್ರಿ ಐಆರ್ ಲೈಟ್ ಹತ್ತಿದಾಗ ಕ್ಯಾಮೆರಾ ಜಾಸ್ತಿ ಕರೆಂಟು ಎಳೆಯುತ್ತದೆ. ಗೇಟು ಮತ್ತು ವೇಬ್ರಿಜ್ ಕ್ಯಾಮೆರಾಗಳಿಗೆ ಪ್ರಯಾರಿಟಿ 'ಹೈ' ಕೊಡಿ, ಬಜೆಟ್ ಸಾಲದಿದ್ದರೆ ಬೇರೆಯವು ಮೊದಲು ನಿಲ್ಲುತ್ತವೆ. ಕಂಬದ ಮೇಲಿನ ಕ್ಯಾಮೆರಾ ಹ್ಯಾಂಗ್ ಆದರೆ ಏಣಿ ಹತ್ತಬೇಕಾಗಿಲ್ಲ. ಸ್ವಿಚ್ ಪುಟದಲ್ಲಿ ಆ ಪೋರ್ಟಿನ ಪಿಒಇ ಆಫ್ ಮಾಡಿ ಆನ್ ಮಾಡಿದರೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ನನ್ನ ಮಟ್ಟಿಗೆ ಮ್ಯಾನೇಜ್ಡ್ ಸ್ವಿಚ್ ತಗೊಳ್ಳಲು ಇದೊಂದೇ ಕಾರಣ ಸಾಕು. ಸ್ವಿಚ್ಚಿಗೆ ಯುಪಿಎಸ್ ಕೊಡಿ. ಜನರೇಟರ್ ಇರುವ ಮಿಲ್ಲಿಗೆ ದೊಡ್ಡದು ಬೇಡ, ಅದು ಎತ್ತಿಕೊಳ್ಳುವವರೆಗೆ ತಡೆದರೆ ಆಯಿತು.

ಎಲ್ಲಾ ಆದ ಮೇಲೆ ಕ್ಯಾಮೆರಾ, ಬಿಲ್ಲಿಂಗ್, ವೇಬ್ರಿಜ್ ಒಂದೊಂದಾಗಿ ನೋಡಿ ಸೇವ್ ಒತ್ತಿ. ಆಮೇಲೆ ಬೇಕಂತಲೇ ಸ್ವಿಚ್ಚಿನ ಕರೆಂಟು ತೆಗೆದು ಹಾಕಿ. ಎರಡು ಮೂರು ನಿಮಿಷ ಬಿಟ್ಟು ಲಾಗಿನ್ ಆಗಿ ವಿಲ್ಯಾನ್ 20 ಹಾಗೇ ಇದೆಯಾ ನೋಡಿ. ಇದ್ದರೆ ಬ್ಯಾಕಪ್ ಫೈಲ್ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಇಡಿ. ಯಾವ ಪೋರ್ಟಿನಲ್ಲಿ ಏನಿದೆ ಅಂತ ಕಾಗದದಲ್ಲಿ ಬರೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿ. ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಬೇಡಿ. ಈ ಕೆಲಸವನ್ನೆಲ್ಲಾ ಹೊರಗಿನವರಿಂದ ಮಾಡಿಸಿದರೆ ಬಾಕಿ ದುಡ್ಡು ಕೊಡುವ ಮೊದಲು ಬ್ಯಾಕಪ್ ಫೈಲ್, ಪಾಸ್‌ವರ್ಡ್, ಪೋರ್ಟ್ ಪಟ್ಟಿ ಮೂರನ್ನೂ ಕೈಗೆ ಇಸಕೊಳ್ಳಿ. ಪಾಸ್‌ವರ್ಡ್ ಅವರ ಹತ್ತಿರ ಮಾತ್ರ ಉಳಿದರೆ ಮುಂದೆ ಪಿನ್ನಿನಿಂದ ರೀಸೆಟ್ ಒತ್ತಿ ಎಲ್ಲವನ್ನೂ ಮೊದಲಿಂದ ಮಾಡಬೇಕಾಗುತ್ತದೆ.